ಬೇಡಮ್ಮನ ಕರೆ ಪುಸ್ತಕ

ಮೂರನೆಯವಳನ್ನೂ ಸತ್ತವಳ ತಂಗಿ ಕೋಣೆಯ ಬಾಗಿಲಲ್ಲೇ ತಡೆದಳು.

"ಅಕ್ಕ ಮಲಗಿರೋದು ನಡುಮನೇಲಿ," ಎಂದಳು, ಎರಡು ಕೈಯನ್ನೂ ಚೌಕಟ್ಟಿಗೆ ಅಡ್ಡ ಚಾಚಿ. "ಬಂದೋರೆಲ್ಲ ಈ ಕೋಣೆ ಕಡೆಗೇ ಯಾಕೆ ಬರ್ತೀರಿ?"

ಬಂದವಳು ಬೋರ್ಡು ಬರೆಯುವವಳು. ನಲವತ್ತು ದಾಟಿದ ಹೆಂಗಸು. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಇನ್ನೂ ಇತ್ತು. ಸಮಾಧಿಯ ತಲೆಯ ಬಳಿ ನೆಡುವ ಹಲಗೆಗೆ ಹೆಸರು ಬರೆದುಕೊಡಲು ಅವಳೇ ಒಪ್ಪಿಕೊಂಡಿದ್ದಳು. ಹುಟ್ಟಿದ ವರ್ಷ ಕೇಳಿಕೊಂಡು ಹೋಗೋಣ ಅಂತ ಬಂದೆ ಎಂದಳು. ಆದರೆ ಅವಳ ಕಣ್ಣು ತಂಗಿಯ ಭುಜ ದಾಟಿ ಒಳಗಿನ ಮೇಜಿನ ಮೇಲೆ ಹೋಗಿ ಕೂತಿತ್ತು. ತಂಗಿ ಐವತ್ತು ವರ್ಷ ಆಸ್ಪತ್ರೆಯ ದಾದಿಯರಿಗೆ ಅಂಗಿ ಹೊಲಿದವಳು. ಈಗ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಲಾಗದು. ಆದರೂ ಯಾರು ಎತ್ತ ನೋಡುತ್ತಾರೆ ಎಂಬುದು ಅವಳಿಗೆ ತಪ್ಪುತ್ತಿರಲಿಲ್ಲ.

ವರ್ಷ ಹೇಳಿದಳು. ಬೋರ್ಡು ಬರೆಯುವವಳು ಪೆನ್ಸಿಲಿನಿಂದ ಅಂಗೈ ಮೇಲೆ ಬರೆದುಕೊಂಡಳು. ಬರೆದುಕೊಂಡವಳು ಹೋಗಬೇಕಲ್ಲ, ಹೋಗಲಿಲ್ಲ.

ಬೆಳಿಗ್ಗೆ ಮೊದಲು ಬಂದದ್ದು ಒಬ್ಬಳು ನೃತ್ಯ ಕಲಿತವಳು. ಈಗ ಮೂಳೆ ಮುರಿದವರಿಗೆ ಮತ್ತೆ ನಡೆಯುವುದನ್ನು ಕಲಿಸುತ್ತಾಳೆ. ಮೇಡಂ ಕೂತ ಕುರ್ಚಿಯನ್ನೊಮ್ಮೆ, ಅವರ ಪುಸ್ತಕವನ್ನೊಮ್ಮೆ ನೋಡಬೇಕು ಎಂದಿದ್ದಳು. ಆಮೇಲೆ ಬಂದವನು ನಾಟಕ ಕಲಿತವನು. ರೈಲು ನಿಲ್ದಾಣದಲ್ಲಿ ಗಾಡಿ ತಡವೆಂದು ಹೇಳುವ ದನಿ ಅವನದೇ. ಎಲ್ಲರೂ ಅವನನ್ನು ನಿಲ್ದಾಣದ ದನಿ ಎಂದೇ ಕರೆಯುತ್ತಾರೆ. ಅವನು ತಗ್ಗಿದ ದನಿಯಲ್ಲಿ ದುಃಖ ಹೇಳಿಕೊಂಡಾಗಲೂ ಇಬ್ಬರು ಗಡಿಯಾರ ನೋಡಿಕೊಂಡಿದ್ದರು. ಅವನು ಸುತ್ತುಬಳಸಲಿಲ್ಲ. ಕರೆ ಪುಸ್ತಕ ಇದೆಯಾ, ಕಾಲೇಜಿನವರು ಜೋಪಾನವಾಗಿ ಇಡಬೇಕು ಅಂತಿದಾರೆ, ನಾನೇ ಒಯ್ಯುತ್ತೇನೆ ಎಂದ. ಹೆಣ ಎತ್ತುವ ಮೊದಲೇ ಪುಸ್ತಕ ಎತ್ತಲು ಬಂದವನನ್ನು ತಂಗಿ ಮೇಲಿಂದ ಕೆಳಗೆ ನೋಡಿ, ಆಮೇಲೆ ಬಾ ಎಂದು ಕಳಿಸಿದ್ದಳು.

* * *

ಸತ್ತವಳು ಕಲಾ ಕಾಲೇಜಿನ ಉದ್ದದ ಪಡಸಾಲೆಯ ಕೊನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತವಳು. ಬಾಗಿಲ ಮೇಲೆ ಉದ್ಯೋಗ ಮಾರ್ಗದರ್ಶನ ಎಂದಿತ್ತು. ಕೊನೆಯ ವರ್ಷದ ಮಕ್ಕಳನ್ನು ಹೊರಗಿನ ಕೆಲಸಕ್ಕೆ ಸಿದ್ಧ ಮಾಡುವುದು ಅವಳ ಕೆಲಸ. ಚಿತ್ರ ಬರೆಯುವವರು, ಮಡಕೆ ಮಾಡುವವರು, ಕುಣಿಯುವವರು, ಪದ್ಯ ಕಟ್ಟುವವರು ಸಾಲಾಗಿ ಬಂದು ಅವಳ ಎದುರಿನ ಅಲುಗಾಡುವ ಸ್ಟೂಲಿನ ಮೇಲೆ ಕೂರುತ್ತಿದ್ದರು. "ಮನಸ್ಸಿಗೆ ಏನು ಬರುತ್ತೆ ಅಂತ ಆಮೇಲೆ ಹೇಳು. ಕೈಗೆ ಏನು ಬರುತ್ತೆ, ಅದನ್ನ ಮೂರು ಮಾತಲ್ಲಿ ಹೇಳು," ಎನ್ನುತ್ತಿದ್ದಳು. ನಾಲ್ಕನೆಯ ಮಾತಿಗೆ ಬಾಯಿ ತೆರೆದರೆ ಮೇಜಿನ ಮೇಲಿನ ಗಂಟೆ ಒತ್ತುತ್ತಿದ್ದಳು.

ಆದರೆ ಅವಳಿಗೆ ಬೇಡಮ್ಮ ಎಂದು ಹೆಸರು ಬಂದದ್ದು ಫೋನಿನಿಂದ. ಅವಳದು ಗಂಡಸಿನಂಥ ದಪ್ಪ ದನಿ. ಫೋನಿನಲ್ಲಿ ಜನ ಸಾರ್ ಎನ್ನುತ್ತಿದ್ದರು. ಆ ದನಿಯಲ್ಲಿ ಒಂದು ದಿನ ಮುದ್ರಣಾಲಯದ ಯಜಮಾನನಾಗಿ, ಇನ್ನೊಂದು ದಿನ ನಾಟಕ ಕಂಪನಿಯ ವ್ಯವಸ್ಥಾಪಕನಾಗಿ ಹಾಸ್ಟೆಲಿಗೆ ಕರೆ ಮಾಡಿ, ನಿಮ್ಮ ಅರ್ಜಿ ನೋಡಿದೆವು, ಬೇಡ ಎಂದು ಹೇಳಿ ಇಡುತ್ತಿದ್ದಳು. ಬೇಡ ಅನ್ನಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು ಎಂಬುದು ಅವಳ ಲೆಕ್ಕ. ಯಾವ ಬೇಡ ನಿಜದ್ದು, ಯಾವುದು ಅವಳದು ಎಂದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಮಾಡಿದ ಪ್ರತಿಯೊಂದು ಕರೆಯನ್ನೂ ಅವತ್ತೇ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಅದನ್ನು ಮಾತ್ರ ಯಾರಿಗೂ ತೋರಿಸಿದವಳಲ್ಲ.

ಬೋರ್ಡು ಬರೆಯುವವಳು ಕೊನೆಯ ವರ್ಷದಲ್ಲಿದ್ದಾಗ ಒಂದು ದಿನ ಬೇಡಮ್ಮ ತರಗತಿಯಲ್ಲಿ ಹೊಸ ಮಾತು ಹೇಳಿದಳು. ಬೇಡ ಎಂದರೆ ಕುಸಿಯುವವರಿಗಿಂತ ಬಾ ಎಂದರೆ ಕುಸಿಯುವವರೇ ಜಾಸ್ತಿ, ಕೆಲಸ ಏನು ಎಂದೂ ಕೇಳದೆ ಹೂಂ ಅನ್ನುತ್ತೀರಿ, ಇನ್ನು ಮುಂದೆ ನಾನು ಬಾ ಅಂತಲೂ ಕರೆಯಬಹುದು, ಹುಷಾರು.

ಮುಂದಿನ ವಾರ ಹನ್ನೊಂದು ಗಂಟೆಗೆ ಬೋರ್ಡು ಬರೆಯುವವಳಿಗೆ ಹಾಸ್ಟೆಲಿನಲ್ಲಿ ಫೋನು ಬಂತು. ದಪ್ಪ ದನಿ. ಹಳೆಯ ಚಿತ್ರಗಳ ದುರಸ್ತಿ ಕಾರ್ಯಾಗಾರದಿಂದ ಮಾತಾಡುತ್ತಿದ್ದೇನೆ, ನಿಮ್ಮ ಕೈಕೆಲಸ ನೋಡಿದೆವು, ಸೋಮವಾರ ಬಂದು ಸೇರಿಕೊಳ್ಳಬಹುದಾ ಎಂದಿತು. ಎರಡು ವರ್ಷದಿಂದ ಅವಳು ಆಸೆಪಟ್ಟ ಜಾಗ ಅದು. ಅವಳು ಗಹಗಹಿಸಿ ನಕ್ಕಳು. "ಮೇಡಂ, ಇವತ್ತು ರುಚಿ ಬದಲಾಯಿಸಿದ್ರಾ? ನಿಮ್ಮ ಕಾರ್ಯಾಗಾರ ನೀವೇ ಇಟ್ಕೊಳ್ಳಿ," ಎಂದು ಫೋನು ಇಟ್ಟಳು. ಸುತ್ತ ನಿಂತ ಗೆಳತಿಯರು ಚಪ್ಪಾಳೆ ತಟ್ಟಿದರು.

ನಾಲ್ಕು ದಿನವಾದ ಮೇಲೆ, ಕರೆ ನಿಜದ್ದೇ ಆಗಿದ್ದರೆ ಎಂದು ಅನುಮಾನ ಬಂತು. ಕಾರ್ಯಾಗಾರಕ್ಕೆ ಕಾಗದ ಬರೆದಳು. ಜಾಗ ಭರ್ತಿಯಾಗಿದೆ ಎಂದು ಒಂದೇ ಸಾಲಿನ ಉತ್ತರ ಬಂತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಕಾಗದ ಹಿಡಿದು ಪಡಸಾಲೆಯ ಕೊನೆಯ ಕೋಣೆಗೆ ಹೋದಳು.

"ಆ ಕರೆ ನಿಮ್ಮದೇನಾ ಮೇಡಂ?"

ಬೇಡಮ್ಮ ಕಾಗದ ಓದಿದಳು. ಮಡಿಸಿದಳು. ಮತ್ತೆ ಬಿಡಿಸಿ ಓದಿದಳು. ಆಮೇಲೆ, "ನಾನೇ," ಎಂದಳು. ಬೋರ್ಡು ಬರೆಯುವ ಮುದುಕರೊಬ್ಬರ ವಿಳಾಸ ಬರೆದುಕೊಟ್ಟು, ಅಕ್ಷರಕ್ಕೆ ಒಳ್ಳೆ ಕೈ ನಿನ್ನದು, ನಾಳೆಯೇ ಹೋಗು ಎಂದಳು. ಹುಡುಗಿ ಬಾಗಿಲು ದಾಟುವಾಗ ತಿರುಗಿ ನೋಡಿದರೆ ಬೇಡಮ್ಮ ಗಂಟೆಯನ್ನು ಎತ್ತಿ ಡ್ರಾಯರಿನೊಳಗೆ ಇಡುತ್ತಿದ್ದಳು.

ಇಪ್ಪತ್ತೆರಡು ವರ್ಷದಿಂದ ಅವಳು ಬೋರ್ಡು ಬರೆಯುತ್ತಿದ್ದಾಳೆ. ಕೆಲಸಕ್ಕೆ ಕೊರತೆಯಿಲ್ಲ, ಹೆಸರೂ ಇದೆ. ಆದರೆ ಏಣಿಯ ಮೇಲೆ ನಿಂತು ಔಷಧಿ ಅಂಗಡಿಯ ಹಣೆಬರಹ ಬರೆಯುವಾಗೆಲ್ಲ ಆ ನಾನೇ ಎಂಬ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ.

* * *

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹಲಗೆ ಬರೆದು ಒಣಗಲು ಇಟ್ಟಳು. ಹತ್ತಿರದಲ್ಲೇ ಮೆಟ್ಟಿಲ ಮೇಲೆ ನಿಲ್ದಾಣದ ದನಿ ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತ ನೃತ್ಯ ಕಲಿತವಳೊಂದಿಗೆ ಮಾತಾಡುತ್ತಿದ್ದ. ಇಬ್ಬರೂ ಅವಳಿಗಿಂತ ಆರೇಳು ವರ್ಷ ಚಿಕ್ಕವರು.

"ನಮ್ಮ ಕಾಲದಲ್ಲಿ ಫೋನ್ ಎತ್ತಿದ ಕೂಡಲೇ, ಇದು ಅಭ್ಯಾಸದ ಕರೆ ಅಂತ ಮೊದಲು ಹೇಳ್ತಿದ್ರು," ಎಂದ ಅವನು. "ಹಾಗೆ ಹೇಳಿದ ಮೇಲೆ ಏನು ಭಯ? ಸೀನಿಯರ್‌ಗಳಿಗೆ ಹಾಗಿರಲಿಲ್ಲವಂತೆ."

"ಯಾಕೆ ಬದಲಾಯಿಸಿದ್ರು?" ಎಂದು ಕೇಳಿದವಳು ಬೋರ್ಡು ಬರೆಯುವವಳು. ಕುಂಚ ತೊಳೆಯುತ್ತಿದ್ದ ಕೈ ನಿಂತಿತು.

"ಅದೇ ಇರೋದು ವಿಷಯ. ಯಾರೋ ಹುಡುಗಿ ನಿಜವಾದ ಕರೇನ ಅಭ್ಯಾಸ ಅಂದ್ಕೊಂಡು ಕೆಲಸ ಕಳ್ಕೊಂಡಳಂತೆ. ಬೇಡಮ್ಮ ಅದನ್ನ ಮುಚ್ಚಿ ಹಾಕಿದ್ರಂತೆ. ಪುಸ್ತಕದಲ್ಲಿ ಗೊತ್ತಾಗುತ್ತೆ ಬಿಡಿ. ಅಲ್ಲಿಲ್ಲದ ಕರೆ ನಿಜದ್ದು, ಅಷ್ಟೇ." ಚಹಾದ ಕೊನೆಯ ಗುಟುಕು ಮುಗಿಸಿ ಸೇರಿಸಿದ, "ಇಷ್ಟು ವರ್ಷ ಎಲ್ಲರ ಹತ್ರ ಮೇಡಂ ಮೇಡಂ ಅನ್ನಿಸ್ಕೊಂಡೋರು. ತಿಳ್ಕೋಬೇಕು ತಾನೆ?"

ಬೋರ್ಡು ಬರೆಯುವವಳು ಕುಂಚವನ್ನು ಒರೆಸಿ ಡಬ್ಬಿಯಲ್ಲಿಟ್ಟಳು. ಎದ್ದು ಒಳಗೆ ಹೋದಳು. ನಡುಮನೆಯಲ್ಲಿ ಬೇಡಮ್ಮ ಕಂದು ಕೋಟು ತೊಟ್ಟು, ಬಾಯಿ ಬಿಗಿಯಾಗಿ ಮುಚ್ಚಿ ಮಲಗಿದ್ದಳು. ಕೇಳಿದರೂ ಹೇಳುವುದಿಲ್ಲ ಎನ್ನುವ ಹಾಗಿತ್ತು ಆ ಬಾಯಿ.

ತಂಗಿ ಕೋಣೆಯ ಬಾಗಿಲಲ್ಲೇ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬಂದೋರೆಲ್ಲ ಪುಸ್ತಕ ಪುಸ್ತಕ ಅಂದ್ರು," ಎಂದಳು. "ನೀನೊಬ್ಬಳೇ ಬಾಯಿ ಬಿಡಲಿಲ್ಲ. ಅದಕ್ಕೇ ನಿನ್ನ ಮೇಲೆ ಜಾಸ್ತಿ ಅನುಮಾನ ನನಗೆ."

ಬೋರ್ಡು ಬರೆಯುವವಳು ಸುಳ್ಳು ಹುಡುಕಿದಳು, ಸಿಗಲಿಲ್ಲ. ಅದರಲ್ಲಿ ಒಂದು ದಿನ ನೋಡಬೇಕಿತ್ತು, ಒಂದೇ ಒಂದು ದಿನ ಎಂದಳು.

ತಂಗಿ ದನಿ ತಗ್ಗಿಸಿ ಹೇಳಿದ್ದು ಇದು. ಹೋದ ತಿಂಗಳು ಅಕ್ಕ ಮಲಗಿದಲ್ಲಿಂದ ಆ ಪುಸ್ತಕ ಕೇಳಿದಳು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಶಾಯಿ ಬಾಟಲಿ ಹಿಡಿದು ನಿಂತವಳು ತಾನೇ. ಅಕ್ಕ ಯಾವುದೋ ಹಳೆಯ ಪುಟ ತೆಗೆದು ಒಂದೇ ಒಂದು ಸಾಲು ಬರೆದಳು, ಅರ್ಧ ಗಂಟೆ ಹಿಡಿಯಿತು. ತನಗೆ ಕಣ್ಣು ಮಂಜು, ಓದಲಾಗದು ಎಂದು ಗೊತ್ತಿದ್ದರೂ ಅಕ್ಕ ಅಂಗೈ ಅಡ್ಡ ಇಟ್ಟುಕೊಂಡಿದ್ದಳು.

"ಅರವತ್ತು ವರ್ಷ ಒಂದೇ ಮನೇಲಿದ್ವಿ. ನನ್ನಿಂದ ಏನು ಮುಚ್ಚಿಟ್ಟಳು ಅಂತ ನನಗೂ ತಿಳೀಬೇಕು," ಎಂದಳು ತಂಗಿ. "ಬೇರೆಯೋರ ಕೈಲಿ ಓದಿಸೋಕೆ ಧೈರ್ಯ ಬರಲಿಲ್ಲ. ಹೋಗು. ನೋಡಿ ಹೇಳು."

ಕೋಣೆಯಲ್ಲಿ ಮಂಚ, ಮೇಜು, ಮೇಜಿನ ಮೇಲೆ ಹಳೆಯ ಫೋನು, ಶಾಯಿ ಬಾಟಲಿ, ಪೆನ್ನು, ತಂಗಿ ಅರ್ಧ ಕುಡಿದಿಟ್ಟ ತಣ್ಣನೆಯ ಚಹಾ. ಪುಸ್ತಕ ಫೋನಿನ ಕೆಳಗಿತ್ತು. ಅವಳು ಆ ವರ್ಷದ ಪುಟ ತೆಗೆದಳು. ಸಾಲುಗಳು ನೆಟ್ಟಗೆ, ಒಂದರಿಂದೊಂದು ಸಮ ಅಂತರದಲ್ಲಿ ಇದ್ದವು; ನೀಲಿ ಹಳತಾಗಿ ಕಂದಿತ್ತು. ತಾರೀಖು, ಯಾರಿಗೆ, ಯಾವ ದನಿ, ಹೇಗೆ ತೆಗೆದುಕೊಂಡರು. ಅತ್ತಳು, ಮತ್ತೆ ಮಾಡಬೇಕು. ವಾದಿಸಿದ, ಮತ್ತೆ ಮಾಡಬೇಕು. ಸುಮ್ಮನಿದ್ದ, ಮತ್ತೆ ಮಾಡಬೇಕು.

ಅವಳ ದಿನ ಇತ್ತು. ಅವಳ ಹೆಸರೂ ಇತ್ತು. ಹಾಗಾದರೆ ಅಭ್ಯಾಸವೇ; ಕಳೆದುಕೊಂಡದ್ದು ಏನೂ ಇಲ್ಲ.

ಆಮೇಲೆ ಅವಳ ಕಣ್ಣು ತನ್ನ ಕಸುಬಿನ ಕಣ್ಣಾಯಿತು. ಆ ಸಾಲು ಎರಡು ಸಾಲುಗಳ ನಡುವೆ ತುರುಕಿಕೊಂಡು ಕೂತಿತ್ತು. ಬೋರ್ಡು ಪೂರ್ತಿ ಮುಗಿದ ಮೇಲೆ ಅಂಗಡಿಯವನು ಬಂದು, ಮತ್ತು ಮಕ್ಕಳು ಅಂತ ಸೇರಿಸಿಬಿಡಿ ಎಂದರೆ ಹೇಗೆ ತುರುಕುತ್ತಾರೋ ಹಾಗೆ. ನೀಲಿ ಹೊಸದು. ಪ್ರತಿ ಅಕ್ಷರದ ಬೆನ್ನೂ ನಡುಗಿತ್ತು. ಕಾರ್ಯಾಗಾರದ ದನಿಯಲ್ಲಿ, ಸೋಮವಾರ ಬಾ ಎಂದೆ. ಕೊನೆಗೆ, ನಕ್ಕಳು, ತಪ್ಪಿಲ್ಲ.

ಇಡೀ ಪುಸ್ತಕದಲ್ಲಿ ತಪ್ಪಿಲ್ಲ ಎಂಬುದು ಇನ್ನೆಲ್ಲೂ ಇರಲಿಲ್ಲ. ಅವಳು ಹಾಳೆ ತಿರುಗಿಸಿ ತಿರುಗಿಸಿ ನೋಡಿದಳು.

"ಏನಿದೆ?" ಎಂದಳು ಬಾಗಿಲಿಂದ ತಂಗಿ.

ಹೊರಗೆ ಶವದ ವ್ಯಾನು ಬಂದು ನಿಂತ ಸದ್ದಾಯಿತು. ಯಾರೋ ತಂಗಿಯನ್ನು ಕೂಗಿದರು. ನಿಲ್ದಾಣದ ದನಿಯೂ ಕೇಳಿಸಿತು. ಹೊರಡೋ ಮೊದಲು ಆ ಪುಸ್ತಕ ಕೊಟ್ಟುಬಿಡಿ ಎನ್ನುತ್ತಿತ್ತು.

"ಎಲ್ಲ ಅಭ್ಯಾಸದ್ದೇ," ಎಂದಳು ಬೋರ್ಡು ಬರೆಯುವವಳು. "ನೀವು ನಡೀರಿ. ನಾನೇ ತಂದು ಕೊಡ್ತೀನಿ."

ತಂಗಿ ಕುರ್ಚಿಯನ್ನು ಬದಿಗೆ ಸರಿಸಿ ಹೋದಳು.

ಬೋರ್ಡು ಬರೆಯುವವಳು ಅಲುಗಾಡುವ ಸ್ಟೂಲಿನ ಮೇಲೆ ಕೂತಳು. ಕಾಲೇಜಿನಿಂದ ಅದನ್ನು ಯಾವಾಗ ಮನೆಗೆ ತಂದಿದ್ದಳೋ ಬೇಡಮ್ಮ. ಒಂದು ಕ್ಷಣ ಅವಳಿಗೆ ಪುಟವನ್ನು ಹರಿದು ನಡುಮನೆಗೆ ಒಯ್ದು ಆ ಬಿಗಿದ ಬಾಯಿಯ ಮುಂದೆ ಹಿಡಿಯಬೇಕು ಅನ್ನಿಸಿತು. ಹರಿಯಲು ಹಾಳೆಯ ಮೂಲೆಯನ್ನೂ ಹಿಡಿದಳು. ಹಾಗೇ ಹಿಡಿದುಕೊಂಡು ಕೂತಳು. ಮೂಲೆ ಬಿಟ್ಟಳು.

ಶಾಯಿಗೆ ನಾಲ್ಕು ಹನಿ ತಣ್ಣನೆಯ ಚಹಾ ಬೆರೆಸಿದಳು. ಹಾಗೆ ಮಾಡಿದರೆ ನೀಲಿ ಕಂದುತ್ತದೆ. ಪೆನ್ನು ಅದ್ದಿ, ಮೇಲಿನ ಸಾಲಿನ ಕೈಬರಹವನ್ನು ಎರಡು ಸಲ ನೋಡಿಕೊಂಡು, ನಡುಗಿದ ಅಕ್ಷರಗಳ ಮೇಲೆ ಒಂದೊಂದಾಗಿ ತಿದ್ದತೊಡಗಿದಳು. ಸಾಲು ಒತ್ತಿಕೊಂಡು ಕೂತದ್ದನ್ನು ಏನೂ ಮಾಡುವಂತಿರಲಿಲ್ಲ, ನಡುಕವನ್ನು ಮುಚ್ಚಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈ ಇಷ್ಟು ಸಣ್ಣ ಅಕ್ಷರ ಬರೆದಿರಲಿಲ್ಲ. ತಪ್ಪಿಲ್ಲ ಎಂಬಲ್ಲಿಗೆ ಬಂದಾಗ ನಿಂತಳು. ಅದನ್ನೂ ತಿದ್ದಿದಳು. ಹೆಬ್ಬೆರಳಿನಿಂದ ಒತ್ತಿ ಹಸಿ ಹೀರಿಸಿ, ಊದಿ, ಪುಸ್ತಕ ಮುಚ್ಚಿದಳು.

* * *

ಮಣ್ಣು ಹಾಕಿ ಮುಗಿಸಿ ಜನ ಇಳಿಜಾರಿನ ದಾರಿಯಲ್ಲಿ ವಾಪಸು ಬರುತ್ತಿದ್ದರು. ನಿಲ್ದಾಣದ ದನಿ ಗೇಟಿನ ಬಳಿಯೇ ಪುಸ್ತಕ ಬಿಡಿಸಿ ಬೆರಳಿಟ್ಟು ಓದುತ್ತಿದ್ದ. ಪುಟದ ಹತ್ತಿರ ಮುಖ ಒಯ್ದು, ದೂರ ಹಿಡಿದು, ಮತ್ತೆ ಹತ್ತಿರ ತಂದ. ಅವನ ಮುಖದಲ್ಲಿ ಬಂದ ಗಾಡಿ ತನ್ನದಲ್ಲ ಎಂದು ತಿಳಿದವನ ಬೇಸರವಿತ್ತು.

"ಆ ಸುದ್ದಿ ಸುಳ್ಳು ಅನ್ಸುತ್ತೆ," ಎಂದ. "ಆ ವರ್ಷದ್ದೆಲ್ಲ ಬರೆದಿಟ್ಟಿದಾರೆ. ಒಬ್ಬಳು ನಕ್ಕಳಂತೆ ನೋಡಿ. ಯಾರೋ ಏನೋ."

"ನಾನೇ," ಎಂದಳು ಬೋರ್ಡು ಬರೆಯುವವಳು.

ಹಿಂದಿನಿಂದ ಬಂದ ತಂಗಿ ಆಸರೆಗೆಂದು ಅವಳ ಕೈ ಹಿಡಿದಳು. ನಾಲ್ಕು ಹೆಜ್ಜೆ ಇಟ್ಟು ನಿಂತು, ಆ ಕೈಯನ್ನು ತಿರುಗಿಸಿ ತನ್ನ ಮಂಜುಗಣ್ಣಿನ ಹತ್ತಿರ ತಂದಳು. ಅಂಗೈಯಲ್ಲಿ ಪೆನ್ಸಿಲಿನ ವರ್ಷ ಅರ್ಧ ಅಳಿಸಿತ್ತು. ಹೆಬ್ಬೆರಳ ತುದಿ ಪೂರ್ತಿ ನೀಲಿಯಾಗಿತ್ತು. ತಂಗಿ ಒಮ್ಮೆ ಗೇಟಿನ ಕಡೆ, ಪುಸ್ತಕ ಹಿಡಿದವನ ಕಡೆ ನೋಡಿದಳು. ತನ್ನ ಕರ್ಚೀಫು ತೆಗೆದು ಆ ಬೆರಳಿಗೆ ಸುತ್ತಿ, ಗಾಯಕ್ಕೆ ಕಟ್ಟುವ ಹಾಗೆ ಬಿಗಿಯಾಗಿ ಗಂಟು ಹಾಕಿದಳು.