ಕಲ್ಲಮಜಲಿನಲ್ಲಿ ಉಚಿತ ತಪಾಸಣಾ ಶಿಬಿರ

ಆ ತಳ್ಳುಗಾಡಿಯ ಒಂದು ಚಕ್ರಕ್ಕೆ ಎಣ್ಣೆ ಬಿಡುವವರು ಈ ಪುತ್ತೂರಿನ ಆಸ್ಪತ್ರೆಯಲ್ಲಿ ಒಬ್ಬರೂ ಇಲ್ಲವೇ, ಕಿರ್ರ್ ಕಿರ್ರ್ ಎಂದು ವರಾಂಡದ ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ, ಅನ್ನದಲ್ಲಿ ಕಲ್ಲು ಕಡಿದ ಹಾಗೆ — ಆಸಿಯಾ ಬೆಂಚಿನಲ್ಲಿ ಇನ್ನಷ್ಟು ಗೋಡೆಗೆ ಸರಿದು ಕೂತಳು, ಗೋಡೆಯ ಆಚೆ ಹೆತ್ತ ಉಮ್ಮ ಇದ್ದಾರೆ, ಮೂಗು ಬಾಯಿ ಮುಚ್ಚುವ ಹಾಗೆ ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟಿದ್ದಾರೆ, ಹೊರಗೆ ಕೂತ್ಕೊಳ್ಳಿ ಕರೀತೇವೆ ಎಂದ ನರ್ಸ್ ಇನ್ನೂ ಕರೆದಿಲ್ಲ, ಕೈಯಲ್ಲಿ ಫೋನು, ಈ ಹಾಳಾದ ಫೋನು, ಟುಂಯ್ ಟುಂಯ್ ಎಂದು ಉಸಿರು ಬಿಡದೆ, ಉಸಿರು ಬೇಕಾದವರಿಗೆ ಇಲ್ಲ, ಇದಕ್ಕೆ ಮಾತ್ರ ಬೇಕಾದಷ್ಟು — ಆಫ್ ಮಾಡಬಹುದಿತ್ತು, ಆದರೆ ಅಭ್ಯರ್ಥಿಯ ಫೋನು ಯಾವತ್ತೂ ಆಫ್ ಇರಬಾರದು ಎಂದು ರಿಯಾಝ್ ಕಟ್ಟಪ್ಪಣೆ ಮಾಡಿದ್ದಾನೆ, ಮೊಬೈಲ್ ಅಂಗಡಿ ಇಟ್ಟವನು ಬೇರೆ ಏನು ಹೇಳಿಯಾನು, ಸಮಿತಿಯ ಪ್ರಚಾರವೆಲ್ಲ ನಡೆಯುವುದು ಅವನ ಹೆಬ್ಬೆರಳಿನಲ್ಲಿ, ಈಗ ಗ್ರೂಪಿಗೆ ಹಾಕಿರುವುದು ಬೆಳಗ್ಗಿನ ಫೋಟೋ, ಶಾಲೆಯ ಹಾಲಿನಲ್ಲಿ ಉಚಿತ ತಪಾಸಣಾ ಶಿಬಿರದ ಬ್ಯಾನರಿನ ಕೆಳಗೆ ಆಸಿಯಾ ನಗುತ್ತಿದ್ದಾಳೆ, ಅಷ್ಟೂ ಹಲ್ಲು ಕಾಣುವ ಹಾಗೆ, ಕೆಳಗೆ ಅಭೂತಪೂರ್ವ ಯಶಸ್ಸು ಎಂದು ಬರೆದಿದ್ದಾನೆ, ಅದರ ಕೆಳಗೆ ಹೂಗಳು, ಚಪ್ಪಾಳೆಗಳು, ಶೀನಪ್ಪ ಮಾಸ್ಟ್ರ ಧ್ವನಿ ಸಂದೇಶ — ಎಲ್ಲರಿಗೂ ನಮಸ್ಕಾರ ಎಂದು ಮಾಸ್ಟ್ರು ಶುರು ಮಾಡಿದರೆ ಧನ್ಯವಾದಕ್ಕೆ ಬರುವ ಹೊತ್ತಿಗೆ ಚಹಾ ಆರಿ ನೊಣ ಬಿದ್ದಿರುತ್ತದೆ — ಮತ್ತೆ ಊರಿಗೆಲ್ಲ ಅಣ್ಣನಾದ ಮಲಯಾಳಿ ಡೇವಿಸ್ ಚೇಟನದ್ದು, ಬಾಡಿಗೆ ಕುರ್ಚಿಯಲ್ಲಿ ಎರಡು ಕಡಿಮೆ ಉಂಟು, ಯಾರಾದರೂ ನೋಡಿದ್ದೀರಾ. ನಿಮ್ಮ ಉಮ್ಮ ಹೇಗಿದ್ದಾರೆ ಎಂದು ಕೇಳಿದವರಿಗಿಂತ ಕುರ್ಚಿಯ ಬಗ್ಗೆ ಉತ್ತರ ಕೊಟ್ಟವರೇ ಹೆಚ್ಚು.

ಈ ಜನರನ್ನು ಕಟ್ಟಿಕೊಂಡು ಕಲ್ಲಮಜಲು ಗ್ರಾಮ ಪಂಚಾಯತಿನ ಚುನಾವಣೆ ಗೆಲ್ಲುವುದು, ಗೆದ್ದು ಊರಿನ ಸರಕಾರಿ ಆಸ್ಪತ್ರೆಯನ್ನು ನೆಟ್ಟಗೆ ಮಾಡುವುದು, ಅಲ್ಲಾಹ್, ಹೆಸರಿಡುವುದಕ್ಕೇ ಎಷ್ಟು ಸಭೆ ಬೇಕಾಯಿತು, ವೇದಿಕೆ ಅಂತ ಒಬ್ಬರು, ಸಮಿತಿ ಅಂತ ಒಬ್ಬರು, ಹೋರಾಟ ಎಂಬ ಶಬ್ದ ಇದ್ದರೆ ಪೊಲೀಸರು ಬರುತ್ತಾರೆ ಅಂತ ಮತ್ತೊಬ್ಬರು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಕೊನೆಗೆ ಅವಳೇ, ಹೊಲಿಗೆ ಮೆಷಿನ್ ಬಿಟ್ಟು ಬಂದಿದ್ದೇನೆ ಮಾರಾಯ್ರೆ ಯಾವುದಾದರೂ ಒಂದು ಇಡಿ ಎಂದ ಮೇಲೆ ಆರೋಗ್ಯ ಸಮಿತಿ ಎಂದಾಯಿತು. ಆದರೂ ಏನೂ ಮಾಡಲಿಲ್ಲ ಎನ್ನುವ ಹಾಗಿಲ್ಲ, ಹೇಳಿದರೆ ನಾಲಗೆಗೆ ದೋಷ, ಮೊದಲು ಆ ಆಸ್ಪತ್ರೆಗೆ ಡಾಕ್ಟರು ವಾರಕ್ಕೆ ಎರಡು ದಿನ ಬಂದರೆ ಹೆಚ್ಚು, ಮಧ್ಯಾಹ್ನಕ್ಕೆ ಬಾಗಿಲು, ಜ್ವರ ಬರುವವರು ಬೆಳಗ್ಗೆಯೇ ಬರಿಸಿಕೊಳ್ಳಬೇಕು, ಡೇವಿಸ್ ಚೇಟ ಮೊದಲ ಸಭೆಯಲ್ಲಿ ಮೈಕ್ ಹಿಡಿದು ಕೊಯಿಲದ ಫಾರ್ಮಿನಲ್ಲಿ ದನಗಳಿಗೆ ಡಾಕ್ಟ್ರು ಉಂಟು, ನಮಗೆ ಇಲ್ಲ ಎಂದಾಗ ಜನ ಬಿದ್ದು ಬಿದ್ದು ನಕ್ಕರು, ನಕ್ಕವರೇ ಮರುದಿನ ಅರ್ಜಿಗೆ ಸಹಿ ಹಾಕಿದರು, ಅದನ್ನು ಹಿಡಿದು ಕಡಬದ ಆರೋಗ್ಯ ಇಲಾಖೆಯ ಆಫೀಸಿಗೆ ಹೋದರು, ಪುತ್ತೂರಿಗೆ ಹೋದರು, ಕ್ವಾರ್ಟರ್ಸಿನ ಹಂಚು ರಿಪೇರಿ ಮಾಡಿಸಿದರೆ ಡಾಕ್ಟರು ಉಳಿಯುತ್ತಾರೆ ಎಂದು ಗೊತ್ತಾಗಿ ಡೇವಿಸ್ ಚೇಟನೇ ರಬ್ಬರ್ ಕಡಿಯುವ ಕೆಲಸ ಬಿಟ್ಟು ಮಾಡಿಗೆ ಹತ್ತಿದ, ಮಳೆ ಬಿಟ್ಟ ಮೇಲೆ ಒಬ್ಬರು ಲೇಡಿ ಡಾಕ್ಟರು ಬಂದರು, ಲಾಲಿ ಸಿಸ್ಟರ್ ಅಂತ ನರ್ಸ್ ಬಂದರು, ಸಂಜೆಯವರೆಗೆ ಬಾಗಿಲು ತೆರೆದೇ ಇರತೊಡಗಿತು. ಉಮ್ಮನಿಗೆ ಆಸ್ಪತ್ರೆ ಎಂದರೆ ಅದೊಂದೇ. ದಮ್ಮು ಶುರುವಾಯಿತು ಎಂದರೆ ಯಾರಿಗೂ ಹೇಳುವುದಿಲ್ಲ, ಶಾಲು ತಲೆಗೆ ಹಾಕಿ ನಿಧಾನ ನಡೆದು ಹೋಗಿ, ಲಾಲಿ ಸಿಸ್ಟರ್ ಕೊಡುವ ಮಿಷಿನಿನ ಹೊಗೆ ಎಳೆದುಕೊಂಡು, ಸಿಸ್ಟರಿಗೆ ಒಂದು ವೀಳ್ಯ ಜಗಿಯುವಷ್ಟು ಹೊತ್ತಿನ ಕಥೆ ಹೇಳಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಾರೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಬಾಗಿಲು ಇನ್ನು ಮುಚ್ಚುವುದಿಲ್ಲ, ರಾತ್ರಿಗೂ ಒಬ್ಬರು ಸಿಸ್ಟರ್ ಬರುವ ಹಾಗೆ ಮಾಡುತ್ತೇವೆ, ಇಷ್ಟು ಮಾತು ಸಾಕಿತ್ತು ಮನೆ ಮನೆಗೆ, ಅವಳು ಅದನ್ನೇ ಹೇಳಿದ್ದು, ಆದರೆ ಜನ, ಈ ಜನರೂ ಸುಖವಿಲ್ಲ, ಬನ್ನಿ ಕೂತ್ಕೊಳ್ಳಿ ಎಂದು ಶರಬತ್ತು ಕೊಟ್ಟು, ಹೌದು ಹೌದು ಆಸ್ಪತ್ರೆ ಬೇಕು ಎಂದು ತಲೆ ಆಡಿಸಿ, ಒಳಗೆ ಹೋಗಿ ಮಂಗಳೂರಿನ ಖಾಸಗಿ ಆಸ್ಪತ್ರೆಯ ಕಾರ್ಡು ತಂದು ತೋರಿಸುವುದು, ಇದರ ಅವಧಿ ಮುಗಿದಿದೆ, ಹೊಸತು ಮಾಡಿಸಿ ಕೊಡ್ತೀರಾ, ಅದರಲ್ಲಿ ಬಿಲ್ಲಿಗೆ ಕಡಿಮೆ ಮಾಡ್ತಾರೆ ಅಲ್ವಾ. ಮನೆ ಮನೆಯಲ್ಲೂ ಇದೇ, ಕೊನೆಗೆ ಸಮಿತಿಯವರ ಪರ್ಸಿನಲ್ಲೂ ಅದೇ ಕಾರ್ಡು, ಡೇವಿಸ್ ಚೇಟನ ಮಗಳು ಅನ್ಸಿ ಅಲ್ಲಿಯೇ ಕೆಲಸಕ್ಕಿರುವುದು, ಅವಳ ಮೂಲಕ ಆ ಆಸ್ಪತ್ರೆಯ ಬಸ್ಸು, ಡಾಕ್ಟರುಗಳು, ಕಣ್ಣು, ಶುಗರ್, ಬಿಪಿ, ಎಲ್ಲ ಪುಕ್ಕಟೆ, ಬಂದವರಿಗೆಲ್ಲ ಹೊಸ ಕಾರ್ಡು, ದಿನಾಂಕ ಪ್ರಕಟವಾಗಿ ನೀತಿ ಸಂಹಿತೆ ಬರುವುದರ ಒಳಗೆ ಮುಗಿಸಬೇಕು, ಎಂದು ಸಮಿತಿಯವರೆಲ್ಲ ಸಭೆಯಲ್ಲಿ ಕುಣಿದರು. ಅವಳು ಕೇಳಿದಳಲ್ಲ, ಕೇಳದೆ ಇರಲಿಲ್ಲ, ಸರಕಾರದ ಡಾಕ್ಟರು ಬೇಕು ಅಂತ ಬೊಬ್ಬೆ ಹಾಕುವವರು ನಾವು, ಖಾಸಗಿಯವರ ಬಸ್ಸು ನಾವೇ ಕರೆಸುದು ಎಂತದು. ಶೀನಪ್ಪ ಮಾಸ್ಟ್ರು ಕನ್ನಡಕ ಒರೆಸಿದರು. ಆಸಿಯಾ, ನೀವು ತಾತ್ವಿಕವಾಗಿ ಹೇಳುದು ಸರಿ. ಆದರೆ ವೋಟು ತಾತ್ವಿಕವಾಗಿ ಬೀಳುದಿಲ್ಲ. ಎಲ್ಲರೂ ನಕ್ಕರು, ಅವಳಿಗೂ ನಗು ಬಂತು, ಆ ನಗುವೇ ಒಪ್ಪಿಗೆ ಎಂದು ಬರೆದುಕೊಂಡರು.

ಒಪ್ಪಿಕೊಂಡದ್ದು ಮಾತ್ರವಲ್ಲ, ಕಡಬಕ್ಕೆ ಹೋದವಳು ಅವಳೇ, ಬೇರೆ ಯಾರೂ ಅಲ್ಲ, ಶಿಬಿರಕ್ಕೆ ತುಂಬ ಜನ ಬರುತ್ತಾರೆ, ನಮ್ಮ ಆಸ್ಪತ್ರೆಯವರನ್ನು ಒಂದು ದಿನದ ಮಟ್ಟಿಗೆ ಸಹಾಯಕ್ಕೆ ಕಳಿಸಿಕೊಡಿ ಎಂದು ಆಫೀಸಿನಲ್ಲಿ ನಿಂತು ಕೇಳಿದ್ದು, ಡಾಕ್ಟರು ಬರಲಿ, ಸಿಸ್ಟರ್ ಬರಲಿ, ಔಷಧಿ ಕೊಡುವವರು ಬರಲಿ, ಎಲ್ಲರೂ ಒಂದೇ ಕಡೆ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ರಿಯಾಝ್ ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು, ಸಾಹೇಬರು ಒಂದು ಮಾತೂ ಎದುರಾಡದೆ ಹ್ಞೂಂ ಎಂದಾಗ, ನೋಡಿ ನನ್ನ ಮಾತಿಗೆ ಎಷ್ಟು ಬೆಲೆ ಉಂಟು ಎಂದು ಬಸ್ಸಿನಲ್ಲಿ ಬರುವಾಗ ಹಿಗ್ಗಿದ್ದು, ಛೀ. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದು ಎಂದು ಮಾಸ್ಟ್ರು ಮಕ್ಕಳ ಲೆಕ್ಕ ತಿದ್ದುವಾಗ ಹೇಳುತ್ತಿದ್ದರು, ಈ ಲೆಕ್ಕ ತಿದ್ದುವವರು ಯಾರು. ಬೆಳಗ್ಗೆ ಹೊರಡುವಾಗ ಉಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಬ್ಯಾರಿ ಭಾಷೆಯಲ್ಲಿ ತಮಾಷೆ ಮಾಡಿದರು, ಊರಿಗೆ ಉಪಕಾರಿ, ಮನೆಗೆ ಮಾರಿ, ಗಂಜಿಯಾದರೂ ಕುಡಿದು ಹೋಗು ಎಂದು, ಅವಳು ನಿಂತೇ ಎರಡು ಬಾಯಿ ಕುಡಿದು, ನೀವು ಮಾತ್ರ ಕ್ಯಾಂಪಿಗೆ ಬರಬೇಡಿ, ಧೂಳು ಉಂಟು, ಜನ ಉಂಟು, ದಮ್ಮು ಜಾಸ್ತಿ ಆದೀತು ಎಂದು ಹೇಳಿ ಹೊರಟಳು. ಇಷ್ಟು ಹೇಳಿದವಳು ಅದನ್ನೊಂದು ಯಾಕೆ ಹೇಳಲಿಲ್ಲ, ಇವತ್ತು ಆಸ್ಪತ್ರೆಗೆ ಬೀಗ, ಎಲ್ಲರೂ ಶಾಲೆಯಲ್ಲಿ ಇರುತ್ತಾರೆ ಎಂದು, ಬಾಯಿಗೆ ಬರಲಿಲ್ಲ, ತಲೆಗೇ ಬರಲಿಲ್ಲ, ತಲೆಯಲ್ಲಿ ಬ್ಯಾನರು ಇತ್ತು, ಟೋಕನ್ ಇತ್ತು, ಡಾಕ್ಟರುಗಳ ಊಟಕ್ಕೆ ಮೀನು ಮಾಡುವುದಾ ಕೋಳಿ ಮಾಡುವುದಾ ಎಂಬ ಜಗಳ ಇತ್ತು, ಲಾಲಿ ಸಿಸ್ಟರ್ ಪಕ್ಕದ ಕುರ್ಚಿಯಲ್ಲಿ ಕೂತು ಟೋಕನ್ ಹರಿದು ಕೊಡುತ್ತಿದ್ದರು, ಆಸ್ಪತ್ರೆಯ ಬೀಗದ ಕೈ ಅವರ ಬ್ಯಾಗಿನಲ್ಲಿ, ಬ್ಯಾಗು ಅವಳ ಕಾಲಿನ ಹತ್ತಿರ.

ಊರಿನಲ್ಲಿ ಬಾಡಿಗೆಗೆ ಓಡಿಸುವ ದುಗ್ಗಪ್ಪನ ಜೀಪು ಶಾಲೆಯ ಅಂಗಳಕ್ಕೆ ಹಾರ್ನ್ ಹೊಡೆಯುತ್ತಾ ಬಂದಾಗ ಅವಳಿಗೆ ಸಿಟ್ಟೇ ಬಂದದ್ದು, ಇವನಿಗೆ ಎಂತ ಅವಸರ, ಕ್ಯೂ ಕಾಣುವುದಿಲ್ಲವಾ ಎಂದು, ಹಿಂದಿನ ಸೀಟಿನಲ್ಲಿ ಉಮ್ಮ, ತುಟಿ ನೀಲಿ, ಎದೆ ಕಮ್ಮಾರನ ತಿದಿಯ ಹಾಗೆ, ಮಂಗಳೂರಿನ ಡಾಕ್ಟರು ಓಡಿ ಬಂದರು, ಒಳ್ಳೆಯವರೇ, ಎದೆಗೆ ಕೊಳವೆ ಇಟ್ಟು ನೋಡಿ, ನಮ್ಮಲ್ಲಿ ಆಕ್ಸಿಜನ್ ಇಲ್ಲ, ಬಿಪಿ ನೋಡುದು ಮಾತ್ರ, ಇಲ್ಲಿ ಹತ್ತಿರ ಸರಕಾರಿ ಆಸ್ಪತ್ರೆ ಇಲ್ಲವಾ ಎಂದು ಕೇಳಿದರು, ಇಲ್ಲವಾ ಎಂದು, ಬ್ಯಾನರಿನ ಕೆಳಗೆ ನಿಂತು, ಎಲ್ಲರೂ ಲಾಲಿ ಸಿಸ್ಟರನ್ನು ನೋಡಿದರು, ಸಿಸ್ಟರ್ ಬ್ಯಾಗಿಗೆ ಕೈ ಹಾಕಿದರು, ಅಷ್ಟರಲ್ಲಿ ನಮ್ಮ ಲೇಡಿ ಡಾಕ್ಟರು ತಡೆದು, ಬೇಡ, ಮಿಷಿನಿಗೆ ಈಗ ನಿಲ್ಲುವ ದಮ್ಮು ಅಲ್ಲ ಇದು, ಪುತ್ತೂರಿಗೆ ಹೋಗಿ ಎಂದರು. ಸವಣೂರು ದಾಟುವವರೆಗೆ ಉಮ್ಮನ ತಲೆ ತೊಡೆಯ ಮೇಲೆ, ಪುತ್ತೂರು ಪೇಟೆ ಹೊಗುವ ದರ್ಬೆಯಲ್ಲಿ ಬ್ಲಾಕು, ಮುಂದೆ ಮದುವೆಯ ದಿಬ್ಬಣದ ಬಸ್ಸು, ದುಗ್ಗಪ್ಪ ಹಾರ್ನಿನಿಂದ ಕೈ ತೆಗೆಯಲಿಲ್ಲ, ಆಗಲೇ ಅವಳ ಕಣ್ಣು ಉಮ್ಮನ ಕಾಲಿಗೆ ಬಿದ್ದದ್ದು, ಬರಿಗಾಲು, ಅಂಗಾಲಿನಲ್ಲಿ ಕೆಂಪು ಮಣ್ಣು, ಚಪ್ಪಲಿ ಎಲ್ಲಿ ಎಂದು ಕೇಳಿದಳು, ಇಷ್ಟರ ನಡುವೆ ಚಪ್ಪಲಿ, ಆದರೆ ಕೇಳಿದಳು. ಅಲ್ಲೇ ಉಂಟು ಅಕ್ಕ, ಆಸ್ಪತ್ರೆ ಬಾಗಿಲಲ್ಲಿ, ಎಂದ ದುಗ್ಗಪ್ಪ, ಕಂಬಕ್ಕೆ ಒರಗಿ ಕೂತಿದ್ದರು, ಮೆಟ್ಟಿಲ ಮೇಲೆ, ಚಪ್ಪಲಿ ಹೊರಗೆ ಜೋಡಿಸಿ ಇಟ್ಟಿದ್ದರು. ಬೀಗ ಹಾಕಿದ ಬಾಗಿಲಿನ ಹೊರಗೆ. ಪಾದರಕ್ಷೆಗಳನ್ನು ಹೊರಗೆ ಬಿಡಿ ಎಂದು ಅಲ್ಲಿ ಬೋರ್ಡು ಉಂಟು, ಉಮ್ಮನಿಗೆ ಓದಲು ಬರುವುದಿಲ್ಲ, ಲಾಲಿ ಸಿಸ್ಟರ್ ಒಮ್ಮೆ ಹೇಳಿದ್ದನ್ನು ಮರೆತವರಲ್ಲ.

ಮತ್ತೆ ಫೋನು, ಈಗ ರಿಯಾಝ್‌ನ ಕರೆ, ಅಕ್ಕ ಮೆಸೇಜ್ ನೋಡಿದಿರಾ, ಒಂದು ಪೋಸ್ಟ್ ಮಾಡಿದ್ದೇನೆ, ನಿಮಗೆ ಮಾತ್ರ ಕಳಿಸಿದ್ದು, ನೀವು ಹೂಂ ಅಂದರೆ ಎಲ್ಲ ಕಡೆ ಹಾಕ್ತೇನೆ — ತೆರೆದು ನೋಡಿದರೆ ಜೀಪಿನ ಫೋಟೋ, ಜೀಪಿನೊಳಗೆ ಉಮ್ಮನ ಬಿಳಿ ಶಾಲಿನ ತುದಿ, ಮೇಲೆ ದೊಡ್ಡ ಅಕ್ಷರದಲ್ಲಿ, ಶಿಬಿರದಲ್ಲಿ ಪತ್ತೆಯಾದ ಉಸಿರಾಟದ ತೊಂದರೆ, ಸಮಿತಿಯಿಂದ ಸಕಾಲಕ್ಕೆ ನೆರವು, ವೃದ್ಧೆ ಪಾರು. ಪಾರು ಅಂತ ಯಾರು ಹೇಳಿದರು ಇವನಿಗೆ, ಇವಳಿಗೇ ಇನ್ನೂ ಯಾರೂ ಹೇಳಿಲ್ಲ. ಬೀಗದ ವಿಷಯ ಹೊರಗೆ ಬರುದು ಬೇಡ ಅಕ್ಕ, ಎದುರಿನವರು ಅದನ್ನೇ ಹಿಡಿದು ಕುಣೀತಾರೆ, ನಿಮ್ಮ ಸೀಟು ಹೋಗ್ತದೆ, ಸೀಟು ಹೋದರೆ ರಾತ್ರಿಯ ಸಿಸ್ಟರೂ ಇಲ್ಲ, ಎಂತದೂ ಇಲ್ಲ, ಎಂದು ಅವನು ಹೇಳುತ್ತಲೇ ಇದ್ದ, ಅವನು ಹೇಳುವುದು ಸುಳ್ಳೂ ಅಲ್ಲ, ಅದೇ ಮೈಯೆಲ್ಲ ಉರಿಯುವುದು, ಈ ಜನ ಯಾವಾಗಲೂ ಪೂರ್ತಿ ಸುಳ್ಳು ಹೇಳುವುದಿಲ್ಲ, ಹೇಳಿದ್ದರೆ ಬೈದು ಮನೆಗೆ ಹೋಗಬಹುದಿತ್ತು, ಆಗ ಉಮ್ಮನ ಹೆಸರು ಹಿಡಿದು, ಮೈಮೂನಮ್ಮನ ಕಡೆಯವರು ಯಾರು ಎಂದು ನರ್ಸ್ ಕೂಗಿದರು.

ಒಳಗೆ ಡಾಕ್ಟರು ಅರ್ಧ ಗಂಟೆ ಮೊದಲು ತಂದಿದ್ದರೆ ಸುಲಭ ಇತ್ತು ಎಂದರು, ಹೃದಯಕ್ಕೂ ಆಯಾಸ ಆಗಿದೆ, ಇವತ್ತು ರಾತ್ರಿ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದರು, ಆಸಿಯಾ ತಲೆ ಅಲ್ಲಾಡಿಸಿದಳು, ಉಮ್ಮನ ಕೈ ಹಿಡಿದಳು, ಆ ಕೈ ಅವಳ ಕೈಯನ್ನು ಬಿಡಿಸಿಕೊಂಡು ಮಾಸ್ಕಿನ ಕಡೆಗೆ ಹೋಯಿತು, ಬೇಡ ಉಮ್ಮ ಮಾತಾಡಬೇಡಿ ಎಂದರೂ ಕೇಳದೆ ಸ್ವಲ್ಪ ಸರಿಸಿ, ಒಂದೊಂದು ಶಬ್ದಕ್ಕೆ ಒಂದೊಂದು ಉಸಿರು ತೆಗೆದು, ಬಾಗಿಲು ಹಾಕುದಿಲ್ಲ ಅಂತ ನೀನು ಹೇಳಿದ್ದಲ್ವಾ, ಎಂದರು. ಈಗ ತೆಗೀತಾರೆ, ಈಗ ತೆಗೀತಾರೆ ಅಂತ ಕೂತೆ. ದೂರಲಿಲ್ಲ, ಸಿಟ್ಟೂ ಇಲ್ಲ, ನಂಬಿದ್ದನ್ನು ಹೇಳಿದರು ಅಷ್ಟೇ, ನರ್ಸ್ ಬಂದು ಮಾಸ್ಕ್ ಸರಿ ಮಾಡಿ ಅವಳನ್ನು ಹೊರಗೆ ಕಳಿಸಿದರು.

ಬೆಂಚಿನಲ್ಲಿ ಕೂತು ಅವಳು ರಿಯಾಝ್‌ಗೆ ಬೇಡ ಎಂದು ಬರೆದಳು, ಆಮೇಲೆ ಗ್ರೂಪಿಗೆ ಹೋಗಿ ಗುಂಡಿ ಒತ್ತಿ ಹಿಡಿದು ತನ್ನ ಧ್ವನಿಯಲ್ಲೇ ಹೇಳಿದಳು, ಉಮ್ಮ ಕ್ಯಾಂಪಿಗೆ ಬರಲಿಲ್ಲ, ನಮ್ಮ ಆಸ್ಪತ್ರೆಗೆ ಹೋದದ್ದು, ಅಲ್ಲಿ ಬೀಗ ಇತ್ತು, ಆ ಬೀಗ ಹಾಕಿಸಿದ್ದು ನಾನು, ನೀವು, ನಾವೆಲ್ಲ, ನಾಳೆ ಮನೆ ಮನೆಗೆ ಹೋಗಿ ನಾನು ಇದನ್ನೇ ಹೇಳುದು, ಬರುವವರು ಬನ್ನಿ. ಬೆರಳು ತೆಗೆದಳು, ಹೋಯಿತು, ಫೋನನ್ನು ಮಗುಚಿ ಬೆಂಚಿನ ಮೇಲೆ ಇಟ್ಟಳು. ನಾಳೆ ಮೊದಲ ಮನೆಯಲ್ಲಿ ಏನೆಂದು ಶುರು ಮಾಡುವುದು, ಸಲಾಂ ಹೇಳಿ, ಕೂತು, ಶರಬತ್ತು ಬೇಡ ಎಂದು, ಆಮೇಲೆ, ನಮ್ಮ ಆಸ್ಪತ್ರೆಯ ಬಾಗಿಲು ಎಂದು, ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೆಳಗೆ ಹೊಸ್ತಿಲು, ಹೊಸ್ತಿಲಿನ ಹೊರಗೆ, ಮಾತು ಅಲ್ಲಿಂದ ಮುಂದೆ ಹೋಗುವುದಿಲ್ಲ, ಮತ್ತೆ ಸಲಾಂನಿಂದ ಶುರು ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ, ಹೊಸ್ತಿಲಿನ ಹೊರಗೆ ಹಿಮ್ಮಡಿ ಸವೆದ ನೀಲಿ ಪಟ್ಟಿಯ ಚಪ್ಪಲಿ, ಒಂದಕ್ಕೊಂದು ತಾಗಿಸಿ, ಯಾರ ಕಾಲಿಗೂ ತೊಡರದ ಹಾಗೆ ಸ್ವಲ್ಪ ಬದಿಗೆ ಇಟ್ಟದ್ದು