ಮೊದಲ ಸಾಲಿನ ಮೂಲೆಯ ಕುರ್ಚಿ

ನನ್ನ ಮಗಳು ನಾಟಕದಲ್ಲಿ ಒಂದೇ ಕಡೆ ಮುಖ ಮಾಡಿಕೊಂಡು ಮಾತಾಡುತ್ತಾಳೆ ಎಂದು ಅವಳ ವಿಶ್ವವಿದ್ಯಾಲಯದ ನಾಟಕದ ಮೇಷ್ಟರಿಗೆ ಮೊದಲಿನಿಂದಲೂ ತಕರಾರು. ಎದುರಿನ ಪಾತ್ರ ಬಲಗಡೆ ನಿಂತಿದ್ದರೂ ಇವಳು ಮೊದಲ ಸಾಲಿನ ಎಡ ಮೂಲೆಯ ಕುರ್ಚಿಗೆ ಮುಖ ಕೊಟ್ಟೇ ಮಾತಾಡುವುದು. ಆ ಕುರ್ಚಿಯಲ್ಲಿ ಅವಳಮ್ಮ ಕೂರುತ್ತಿದ್ದಳು. ಅವಳಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ಮೇಷ್ಟರಿಗೆ ಇದನ್ನು ಯಾರೂ ಹೇಳಿರಲಿಲ್ಲ, ಹೇಳಬೇಕು ಅಂತ ನಮಗೆ ಹೊಳೆದೂ ಇರಲಿಲ್ಲ.

ಹೆಂಡತಿ ತೀರಿಹೋಗಿ ಕೆಲವು ತಿಂಗಳಾಗಿತ್ತು. ಈ ಸಲದ ನಾಟಕ ಹತ್ತಿರ ಬಂದಾಗ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಪ್ಪಾ, ಆ ಕುರ್ಚಿಲಿ ನೀನು ಕೂತ್ಕೋಬೇಕು," ಅಂದಳು.

"ನಾನು ಹಿಂದಿನ ಸಾಲಲ್ಲಿ ತೂಕಡಿಸೋನು. ನಿಮ್ಮತ್ತೆನ ಕೂರ್ಸು."

"ನೀನೇ ಬೇಕು. ನನ್ನ ನೋಡ್ತಾ ಇದ್ರೆ ಸಾಕು. ಅದು ಖಾಲಿ ಇದ್ರೆ ನಂಗೆ ಮಾತೇ ಹೊರಡಲ್ಲ. ರಿಹರ್ಸಲ್‌ನಲ್ಲೇ ಹಂಗಾಗ್ತಿದೆ, ಮೇಷ್ಟ್ರು ಇದೇ ಕೊನೇ ಅವಕಾಶ ಅಂದಿದಾರೆ."

ಆಯಿತು ಅಂದೆ. ಆಗೆಲ್ಲ ಯಾರು ಏನು ಹೇಳಿದರೂ ಆಯಿತು ಅನ್ನುತ್ತಿದ್ದೆ. ನಾನು ಲಿಫ್ಟ್ ರಿಪೇರಿ ಮಾಡುವವನು. ಕೆಲಸಕ್ಕೆ ಹೋಗುತ್ತಿದ್ದೆ, ಗ್ರೀಸ್ ಹಚ್ಚುತ್ತಿದ್ದೆ, ಮನೆಗೆ ಬಂದು ತಟ್ಟೆಯಲ್ಲಿದ್ದದ್ದನ್ನು ತಿನ್ನುತ್ತಿದ್ದೆ. ಅಳು ಬಂದಿರಲಿಲ್ಲ. ಮಾತಾಡಿಸಲು ಬಂದ ನೆಂಟರು "ಗಟ್ಟಿ ಮನುಷ್ಯ" ಎಂದು ಹೊಗಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ನಾನು ಪೂರ್ತಿ ಹಾಗಿದ್ದೆ.

ಆ ನೆಂಟರು ಬೆಲ್ ಒತ್ತಿದಾಗಲೆಲ್ಲ ನಮ್ಮ ಅಡುಗೆಮನೆಯ ದೀಪ ಎರಡು ಸಲ ಆರಿ ಹತ್ತುತ್ತಿತ್ತು. ಮದುವೆಯ ಹೊಸದರಲ್ಲಿ ನಾನೇ ಹಾಕಿಕೊಟ್ಟ ವೈರಿಂಗ್ ಅದು. ಬೆಲ್ಲು ಅವಳಿಗೆ ಕೇಳದು, ದೀಪವಾದರೆ ಕಾಣುತ್ತದೆ. ದೀಪ ಮಿಟುಕಿದರೆ ಸಾಕು, ಮನೆಯಲ್ಲಿ ಯಾರಿದ್ದರೂ ಅವಳ ಭುಜ ಮುಟ್ಟಿ, ಸದ್ದಿಲ್ಲದೆ ಬಾಯಿ ಅಗಲಿಸಿ "ಕರೀತಿದಾರೆ" ಅನ್ನುತ್ತಿದ್ದೆವು. "ಕಿವಿ ಹೋಗಿದೆ ಅಂತ ಕಣ್ಣೂ ಹೋಗಿದ್ಯಾ ನಂಗೆ?" ಎಂದು ರೇಗುತ್ತಿದ್ದಳು. ಆದರೂ ಅನ್ನುತ್ತಿದ್ದೆವು. ಈಗ ಆ ವೈರು ಕಿತ್ತುಹಾಕಲು ನನಗೆ ಮನಸ್ಸೇ ಬಂದಿರಲಿಲ್ಲ.

ನಾಟಕದ ಸಂಜೆ ಅಕ್ಕನ ಜೊತೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತೆ. ವಿದ್ಯಾರ್ಥಿಗಳ ನಾಟಕ ಎಂದ ಮೇಲೆ ಕೇಳಬೇಕೇ, ಗೋಡೆಯೆಲ್ಲ ರಟ್ಟಿನದು. ಅದಕ್ಕೆ ಒರಗಬೇಡಿ ಎಂದು ಪರದೆಯ ಹಿಂದೆ ಯಾರೋ ಯಾರಿಗೋ ಬೈಯುತ್ತಿದ್ದದ್ದು ನಮಗೂ ಕೇಳಿತು. ಸದ್ಯದಲ್ಲೇ ಮುಚ್ಚಿಹೋಗಲಿರುವ ರೈಲು ನಿಲ್ದಾಣದ ಕಥೆ. ಅಲ್ಲಿ ಟಿಕೆಟ್ ಕೊಡುವ ಮುದುಕಿ ನನ್ನ ಮಗಳು.

ಪೌಡರ್ ಹಾಕಿ ಅವಳ ಕೂದಲು ಬೆಳ್ಳಗೆ ಮಾಡಿದ್ದರು. ದೀಪದ ಕೆಳಗೆ ಅವಳು ಬಂದದ್ದೇ ತಡ, ನಾನು ತಲೆ ತಗ್ಗಿಸಿದೆ. ಅವಳದು ಅಚ್ಚು ಅವಳಮ್ಮನದೇ ಮುಖ. ನನ್ನ ಹೆಂಡತಿ ಮುದುಕಿಯಾಗಿದ್ದರೆ ಹೀಗೇ ಕಾಣುತ್ತಿದ್ದಳು. ಆ ವಯಸ್ಸು ಅವಳಿಗೆ ಸಿಗಲಿಲ್ಲ. ನಾನು ಬೂಟಿನ ಲೇಸು ನೋಡುತ್ತಾ ಕೂತೆ. ಮೇಲೆ ಮಗಳ ಮಾತು ತಡವರಿಸುತ್ತಿತ್ತು. ಒಂದು ಕಡೆಯಂತೂ ನಿಂತೇಹೋಗಿ, ಪರದೆಯ ಹಿಂದಿನಿಂದ ಯಾರೋ ಪಿಸುಗುಟ್ಟಿ ಸಾಲು ಎತ್ತಿಕೊಟ್ಟರು. ನನ್ನಿಂದಲೇ ಹೀಗಾಗುತ್ತಿದೆ ಎಂದು ತಿಳಿಯಿತು. ತಲೆ ಮಾತ್ರ ಮೇಲೇಳಲಿಲ್ಲ.

ವಿರಾಮದಲ್ಲಿ ಹೊರಗಿನ ಮೊಗಸಾಲೆಯಲ್ಲಿ ಅಕ್ಕ ತರಾಟೆಗೆ ತೆಗೆದುಕೊಂಡಳು.

"ಕೂತಿದ್ಯಲ್ಲೋ ಗೂಟ ಹೊಡ್ದಂಗೆ! ಮಗು ನಿನ್ನ ಕಡೆ ನೋಡಿ ನೋಡಿ ಸೋತುಹೋಯ್ತು. ಕತ್ತೆತ್ತೋಕೆ ಏನು ಧಾಡಿ ನಿಂಗೆ?"

"ಆಗ್ತಿಲ್ಲ ಅಕ್ಕ."

"ಆಗ್ತಿಲ್ವಂತೆ! ಇವತ್ತು ಕೆಟ್ಟರೆ ಅವಳು ಇನ್ನು ಸ್ಟೇಜ್ ಹತ್ತಲ್ಲ, ನೋಡ್ತಿರು."

ಕಾಗದದ ಲೋಟದಲ್ಲಿ ಕಾಫಿ ಆರಿಹೋಗಿತ್ತು. ಹಾಗೇ ಕುಡಿದೆ. ಅಷ್ಟರಲ್ಲಿ, ಜನ ಒಳಗೆ ಬರಲಿ ಎಂದು, ಮೊಗಸಾಲೆಯ ದೀಪಗಳನ್ನು ಎರಡು ಸಲ ಆರಿಸಿ ಹತ್ತಿಸಿದರು.

ನಾನು ಎಡಕ್ಕೆ ತಿರುಗಿ, ಅಲ್ಲಿದ್ದ ಭುಜ ಮುಟ್ಟಿ, ಸದ್ದಿಲ್ಲದೆ ಬಾಯಿ ಅಗಲಿಸಿ "ಕರೀತಿದಾರೆ" ಅಂದೆ.

ಯಾರೋ ಕನ್ನಡಕದ ಪ್ರೊಫೆಸರಮ್ಮ. ಬೆಚ್ಚಿ ಹಿಂದೆ ಸರಿದು, "ಏನಂದ್ರಿ? ಕೇಳಿಸ್ಲಿಲ್ಲ," ಅಂದರು.

ನನ್ನ ಬಾಯಿ ತೆರೆದೇ ಇತ್ತು, ಕೈ ಗಾಳಿಯಲ್ಲೇ ಇತ್ತು. ಅಕ್ಕ ಅವರಿಗೆ ಏನೋ ಸಮಜಾಯಿಷಿ ಹೇಳಿ, ನನ್ನ ತೋಳು ಹಿಡಿದು ಒಳಗೆ ಕರೆತಂದಳು. ಬೈಯಲಿಲ್ಲ. ಅಕ್ಕ ಬೈಯದೆ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕುರ್ಚಿಯಲ್ಲಿ ಕೂತೆ. ದೀಪ ಮಿಟುಕಿದೆ, ಯಾರೋ ಕರೆದಿದ್ದಾರೆ, ಹೋಗಬೇಕಾದವಳು ಇಲ್ಲ. ಇನ್ನು ಮೇಲೆ ನಾನೇ ಹೋಗಬೇಕು. ಪರದೆ ಸರಿದಾಗ ಕತ್ತೆತ್ತಿದೆ.

ಮಗಳು ಮೂಲೆಯ ಕಡೆ ನೋಡಿದಳು. ನನ್ನ ಕಣ್ಣು ಸಿಕ್ಕಿತು. ಅಲ್ಲಿಂದ ಅವಳ ಮಾತು ತಡವರಿಸಲಿಲ್ಲ. ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಬಿಡಿಸಿಟ್ಟು ಮಾತಾಡಿದಳು. ಕಿವಿ ಮುಚ್ಚಿಕೊಂಡಿದ್ದರೂ ನನಗೆ ಅರ್ಥವಾಗುತ್ತಿತ್ತು. ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ. ನೋಡಿದೆ. ಅವಳು ಕೇಳಿದ್ದೂ ಅಷ್ಟೇ ತಾನೆ.

ಕೊನೆಗೆ ಎಲ್ಲರೂ ಸಾಲಾಗಿ ನಿಂತು ತಲೆ ಬಾಗಿಸಿದರು. ಹಿಂದೆಲ್ಲ ಈ ಚಪ್ಪಾಳೆಯ ನಡುವೆ ಮಗಳು ಪ್ರತಿ ಸಲವೂ ತುಟಿಯಲ್ಲೇ ಅಮ್ಮನನ್ನು "ಹೇಗಿತ್ತು?" ಎಂದು ಕೇಳುತ್ತಿದ್ದಳು. ಅಮ್ಮ ಮೂಗು ಮುರಿದು, ತುಟಿಯಲ್ಲೇ, "ಸುಮಾರು" ಅನ್ನುತ್ತಿದ್ದಳು. ಆಮೇಲೆ ವಾರವಿಡೀ ಅಕ್ಕಪಕ್ಕದ ಮನೆಯವರ ತಲೆ ತಿನ್ನುವಷ್ಟು ಮಗಳನ್ನು ಹೊಗಳುತ್ತಿದ್ದಳು, ಆ ಮಾತು ಬೇರೆ.

ಮಗಳು ನನ್ನನ್ನೇ ನೋಡಿದಳು. ತುಟಿ ಅಲುಗಿತು. "ಹೇಗಿತ್ತು?"

ಮೂಗು ಮುರಿಯಲು ಹೋದೆ, ಬರಲಿಲ್ಲ. ತುಟಿಯಲ್ಲೇ ಹೇಳೋಣವೆಂದು ಬಾಯಿ ತೆರೆದೆ, ಗಂಟಲು ನನ್ನ ಮಾತು ಕೇಳಲಿಲ್ಲ. "ಸುಮಾರು!" ಎಂದು ಕಿರುಚಿಬಿಟ್ಟೆ. ಚಪ್ಪಾಳೆ ಆಗಲೇ ಇಳಿಯುತ್ತಿದ್ದದ್ದರಿಂದ ಅದು ಇಡೀ ಸಭಾಂಗಣಕ್ಕೆ ಕೇಳಿತು. ನಾಟಕದ ಮೇಷ್ಟರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು.

ಮಗಳು ಬಿಳಿ ತಲೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಪೌಡರೆಲ್ಲ ಅವಳ ಹೆಗಲ ಮೇಲೆ ಉದುರಿತು. ನನಗೆ ಆಗಲೂ ಅಳು ಬರಲಿಲ್ಲ. ಆದರೆ ಸೂಜಿಯ ಮದ್ದು ಇಳಿಯುವಾಗ ಆಗುವಂತೆ ತುಟಿ ಜುಮ್ಮೆನ್ನುತ್ತಿತ್ತು. ನೋವು ಇನ್ನು ಶುರುವಾಗುತ್ತದೆ ಎಂದು ಗೊತ್ತಾಯಿತು.