ಗೋಡೆಗೆ ಕಿವಿ ಬಂದ ಕಂತು

ಆ ಗೂಢಚಾರ ಧಾರಾವಾಹಿಯಲ್ಲಿ ಶತ್ರುವಿನ ಗುಂಡಿಗೆ ಸತ್ತವರು ಒಬ್ಬರೂ ಇಲ್ಲ. ಸಂಬಳ ಹೆಚ್ಚು ಮಾಡಿ ಎಂದು ಕೇಳಿದ ಬಾಂಬು ತಜ್ಞ ಮುಂದಿನ ವಾರವೇ ಬೆಟ್ಟದಿಂದ ಉರುಳಿದ. ಬಸುರಿಯೆಂದು ರಜೆ ಕೇಳಿದ ಗುಪ್ತಲಿಪಿಯ ಹುಡುಗಿಯ ಕಾಫಿಗೆ ವಿಷ ಬಿತ್ತು. ಕಾಲು ಮುರಿದುಕೊಂಡ ಡ್ರೈವರ್ ಪಾತ್ರದವನಂತೂ ತೆರೆಯ ಮೇಲೆ ಬರದೆಯೇ ಸತ್ತ. ಹೀರೋ ಫೋನಿನಲ್ಲಿ "ಅವನು ಇನ್ನಿಲ್ಲ" ಎಂದ, ಅಲ್ಲಿಗೆ ಕಥೆ ಮುಗಿಯಿತು. ನೋಡುವವರು ಮನೆಯಲ್ಲಿ ಕಣ್ಣೊರೆಸಿಕೊಂಡರು. ಕೆಲಸ ಕಳೆದುಕೊಂಡವರು ಎಲ್ಲಿ ಕೂತು ಕಣ್ಣೊರೆಸಿಕೊಂಡರೋ, ಯಾವ ಕ್ಯಾಮೆರಾವೂ ಆ ಕಡೆ ತಿರುಗಲಿಲ್ಲ.

ಹಾಗಾಗಿ ಪ್ರೊಡಕ್ಷನ್ ಮ್ಯಾನೇಜರ್ ಸೇಬಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗಲೇ ಬಾಸಮ್ಮನಿಗೆ ತನ್ನ ಸರದಿ ಬಂತೆಂದು ಗೊತ್ತಾಯಿತು.

ಬಾಸಮ್ಮ ಅವಳ ಹೆಸರಲ್ಲ, ಪಾತ್ರ. ಗೂಢಚಾರರ ತಂಡಕ್ಕೆ ಅವಳೇ ಮುಖ್ಯಸ್ಥೆ. ಧಾರಾವಾಹಿ ಶುರುವಾದ ಮೇಲೆ ಹಾಲಿನವನಿಂದ ಹಿಡಿದು ಬೀದಿಯ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು. ಗಂಟಲಲ್ಲಿ ಬೆಳೆದಿದ್ದ ಗಂಟೊಂದನ್ನು ತೆಗೆಸಿಕೊಂಡು ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದಳು. "ನಾನು ಹೇಳೋವರೆಗೂ ಒಂದು ಮಾತೂ ಆಡಕೂಡದು, ಪಿಸುಮಾತೂ ಬೇಡ," ಎಂದಿದ್ದರು ಡಾಕ್ಟರು. "ಒಂದು ಸಲ ಕಿರುಚಿದ್ರೆ ಸಾಕು, ಆಮೇಲೆ ದನಿ ಹೋಯ್ತು ಅಂತಲೇ ಲೆಕ್ಕ."

ಮ್ಯಾನೇಜರನಿಗೆ ಬೆನ್ನ ಹಿಂದಿನ ಹೆಸರು ಕತ್ತರಿ. ಯಾರ ಕೂಲಿಯಾದರೂ ಅವನ ಕೈ ದಾಟುವಾಗ ಒಂದು ಚೂರು ಉದುರಿಯೇ ಬರುತ್ತಿತ್ತು.

"ಸೇಬು ತಿನ್ನಿ ಮೇಡಂ," ಎಂದ ಕತ್ತರಿ. "ಇದ್ರಲ್ಲಿ ಯಾರ ತಪ್ಪೂ ಇಲ್ಲ. ಮುಂದಿನ ಕಂತಿಗೆ ಮಾತಾಡೋ ಬಾಸಮ್ಮ ಬೇಕು, ನಿಮಗೆ ಬಾಯಿಲ್ಲ. ಹಳೇ ಕಾರೊಂದನ್ನ ಬಾಡಿಗೆಗೆ ಹಿಡಿದಿದೀನಿ. ನೀವು ಬರೋದೂ ಬೇಡ. ಢಮ್ ಅನ್ಸಿಬಿಟ್ರೆ ಆಯ್ತು."

ಅವನು ಹೋದ ಮೇಲೆ ಅತ್ತೆ ಒಳಗಿನಿಂದ ಬಂದರು. ಬಾಸಮ್ಮನ ಗಂಡ ತೀರಿಕೊಂಡ ಮೇಲೆ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಎರಡು ಹೊಟ್ಟೆಗೆ ಇರುವುದು ಒಂದೇ ಸಂಬಳ. ಅತ್ತೆಗೆ ಕಿವಿ ಕೇಳದೆ ವರ್ಷಗಳಾಗಿದ್ದವು.

"ಏನಂತೇ ಅವನದು? ಮುಖ ಯಾಕೆ ಹಿಂಗೆ ಹುಳ್ಳಗೆ ಮಾಡ್ಕೊಂಡಿದೀಯ?"

ಬಾಸಮ್ಮ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿದಳು, ಆಮೇಲೆ ಮುಷ್ಟಿಯನ್ನು ಫಟ್ಟನೆ ಬಿಚ್ಚಿದಳು. ಅಷ್ಟು ಸಾಕಾಯಿತು. ಅವರಿಬ್ಬರ ನಡುವೆ ಎಷ್ಟೋ ವರ್ಷಗಳಿಂದ ಕೈಯೇ ಮಾತಾಡುತ್ತಿತ್ತು.

"ಕಾರಲ್ಲಿ ಸುಡ್ತಾನಂತಾ?" ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಬಸ್ಸಿಗೆ ಚಿಲ್ಲರೆ ಹುಡುಕೋಳನ್ನ ಕಾರಲ್ಲಿ ಕೂರ್ಸಿ ಸುಡ್ತಾನಂತೆ! ಏನು ಮರ್ಯಾದೆ, ಏನು ಕತೆ!"

ಮಾರನೆಯ ದಿನ ಧಾರಾವಾಹಿಯ ಬರಹಗಾರ್ತಿ ಬಂದಳು. ಬೆರಳಿಗೆ ಯಾವಾಗಲೂ ಪೆನ್ನಿನ ಶಾಯಿ ಮೆತ್ತಿರುತ್ತಿದ್ದುದರಿಂದ ಅವಳನ್ನು ಎಲ್ಲರೂ ಮಸಿ ಎಂದೇ ಕರೆಯುತ್ತಿದ್ದರು. ಬಂದವಳು ಕೂರಲೂ ಇಲ್ಲ.

"ನಿಮ್ಮನ್ನ ಸಾಯ್ಸೋ ಸೀನು ನನ್ನ ಕೈಲೇ ಬರೆಸ್ತಿದಾನೆ ಅಕ್ಕ. ಬರಿಯಲ್ಲ ಅಂದ್ರೆ ಇನ್ನೊಬ್ರು ಬರೀತಾರೆ, ನಾನೂ ಮನೆಗೆ. ಏನು ಮಾಡ್ಲಿ ಹೇಳಿ."

ಅತ್ತೆಗೆ ಕೇಳಿಸದಿದ್ದರೂ ಮುಖ ನೋಡಿ ಅರ್ಥವಾಗಿತ್ತು. ಕತ್ತರಿಯ ವಂಶವನ್ನೆಲ್ಲ ಎತ್ತಿ ಮನೆ ಅದುರುವಂತೆ ಬೈಯತೊಡಗಿದರು. ಬಾಸಮ್ಮ ಗಡಬಡಿಸಿ ಒಂದು ಅಂಗೈಯನ್ನು ಗೋಡೆಗೆ ಒತ್ತಿ, ಇನ್ನೊಂದು ಕೈಯಲ್ಲಿ ಕಿವಿಯ ಹಾಲೆ ಎಳೆದು ತೋರಿಸಿದಳು. ಅತ್ತೆ ಗಪ್ಪನೆ ಬಾಯಿ ಮುಚ್ಚಿ, ಉಳಿದ ಬೈಗುಳವನ್ನು ಕೈಯಲ್ಲೇ ಮುಂದುವರಿಸಿದರು. ಒಂದನ್ನೂ ಬಿಡಲಿಲ್ಲ.

"ಏನದು ಸನ್ನೆ?" ಮಸಿ ಗೋಡೆಯನ್ನೂ ಕಿವಿಯನ್ನೂ ತೋರಿಸಿ ಕೇಳಿದಳು.

"ಗೋಡೆಗೂ ಕಿವಿ ಇದೆ ಅಂತ ಕಣಮ್ಮ. ಆ ಕಡೆ ಮನೆ ಓನರು. ನಮ್ಮನೇಲಿ ಸಾಸಿವೆ ಸಿಡಿದ್ರೂ ಅವನಿಗೆ ಗೊತ್ತಾಗತ್ತೆ."

ಮಸಿ ಈಗ ಕೂತಳು. ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದಳು. "ಅಕ್ಕ, ಗೂಢಚಾರರ ಮನೆ ಗೋಡೆಗೆ ಕಿವಿ ಇರದೆ ಇನ್ಯಾರ ಮನೆ ಗೋಡೆಗಿರತ್ತೆ? ಶತ್ರುಗಳು ಮೈಕ್ ಇಟ್ಟಿದಾರೆ. ಒಳಗೆ ಒಂದು ದನಿ ಕೇಳ್ಸಿದ್ರೆ ಮನೆಯನ್ನೇ ಉಡಾಯಿಸ್ತಾರೆ. ಕಂತು ಮುಗಿಯೋವರೆಗೂ ಯಾರೂ ಮಾತಾಡೋ ಹಾಗಿಲ್ಲ. ನೀವು ಮಾತಾಡಲ್ಲ, ಹೀರೋನೂ ಮಾತಾಡಲ್ಲ!"

ಆ ದಿನ ಮಸಿ ಅತ್ತೆಗೆ ಶಿಷ್ಯೆಯಾದಳು. 'ಬಾಗಿಲಲ್ಲಿ ಯಾರೋ ಇದ್ದಾರೆ', 'ಅವನನ್ನು ನಂಬಬೇಡ', 'ಒಲೆ ಆರಿಸು, ಹೊರಡು' ಎಲ್ಲಕ್ಕೂ ಆ ಮನೆಯಲ್ಲಿ ಸನ್ನೆಯಿತ್ತು. ಕೊನೆಗೆ ಹೊರಡುವಾಗ, "ಥ್ಯಾಂಕ್ಸ್ ಅನ್ನೋಕೆ ಏನಮ್ಮ?" ಎಂದು ಎರಡೂ ಕೈ ಜೋಡಿಸಿ ಕೇಳಿದಳು.

ಅತ್ತೆ ನಕ್ಕರು. "ಅದಕ್ಯಾಕೆ ಸನ್ನೆ? ತಟ್ಟೆಗೆ ಇನ್ನೊಂದು ಸೌಟು ಬಿದ್ರೆ ಗೊತ್ತಾಗಲ್ವಾ?"

ತಂಡವೆಲ್ಲ ಸೇರಿದ್ದ ಪ್ರೊಡಕ್ಷನ್ ಆಫೀಸಿನಲ್ಲಿ ಮಸಿ ಕಥೆ ಹೇಳಿದ್ದೇ ಕತ್ತರಿ ಕೆಂಡವಾದ. "ಮಾತಿಲ್ಲದ ಕಂತಾ? ಟೀವಿ ಕೆಟ್ಟೋಯ್ತು ಅಂತ ಜನ ತಲೆ ಮೇಲೆ ಕುಟ್ತಾರೆ, ಅಷ್ಟೇ!"

ಹೀರೋಗೂ ಮನಸ್ಸಿರಲಿಲ್ಲ. "ನಾನು ಮಾತಾಡದೆ ಇದ್ರೆ ಜನ ಏನು ನೋಡ್ತಾರೆ?"

"ಮುಖ ನೋಡ್ತಾರಪ್ಪ, ನಿನ್ನ ಮಾತಿಗಿಂತ ವಾಸಿ," ಎಂದರು ಫೈಟ್ ಮಾಸ್ಟರ್. "ಸದ್ದಿಲ್ಲದ ಫೈಟು ಇದುವರೆಗೂ ಮಾಡಿಲ್ಲ. ಈಗ ಮಾಡ್ತೀನಿ."

ಎಲ್ಲರೂ ನಕ್ಕರು. ಹೀರೋ ಮಾತ್ರ ನಗಲಿಲ್ಲ. ಬಾಗಿಲ ಪಕ್ಕ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಬಾಸಮ್ಮನ ಕಡೆ ನೋಡಿದ. "ಆ ಡ್ರೈವರ್ ಪಾತ್ರದೋನು ದಿನಾ ನನ್ನ ಪಕ್ಕ ಕೂತು ಉಣ್ತಿದ್ದ. ಅವನು ಇನ್ನಿಲ್ಲ ಅಂತ ಫೋನಲ್ಲಿ ಹೇಳ್ದೋನು ನಾನೇ. ಒಂದೇ ಟೇಕಲ್ಲಿ ಹೇಳ್ದೆ." ಕತ್ತರಿಯ ಕಡೆ ತಿರುಗಿದ. "ನೀವು ಕಾರಿಗೆ ಬೆಂಕಿ ಹಚ್ಚಿದ ದಿನ ನಾನು ಸೆಟ್ಟಿಗೆ ಬರಲ್ಲ."

"ನಾನೂ ಬರಲ್ಲ," ಎಂದರು ಮಾಸ್ಟರ್. ಮೈಕ್ ಹಿಡಿಯುವವನು, ಲೈಟಿನವರು, ಬಟ್ಟೆ ಇಸ್ತ್ರಿ ಮಾಡುವವಳು, ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಇವರಲ್ಲಿ ಯಾರ ಮನೆಯಲ್ಲೂ ಮುಂದಿನ ತಿಂಗಳಿನ ಅಕ್ಕಿ ಈಗಲೇ ಬಂದು ಕೂತಿರಲಿಲ್ಲ ಎಂಬುದು ಬಾಸಮ್ಮನಿಗೆ ಗೊತ್ತಿತ್ತು. ಏನೋ ಹೇಳಲು ಬಾಯಿ ತೆರೆಯಹೋದಳು, ಡಾಕ್ಟರ ಮಾತು ನೆನಪಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಂದೇ ದಿನ ಕೊಡ್ತೀನಿ," ಎಂದ ಕತ್ತರಿ. "ಅಷ್ಟರಲ್ಲಿ ಮುಗೀಲಿಲ್ಲ ಅಂದ್ರೆ ಕಾರೇ ಗತಿ."

ಶೂಟಿಂಗಿನ ದಿನ ಸೆಟ್ಟಿನಲ್ಲಿ ಹಾಕಿದ್ದು ಅಡುಗೆಮನೆ. ಕಪಾಟಿನ ತುಂಬ ಪಾತ್ರೆ, ಗಾಜಿನ ಭರಣಿ, ಗೋಡೆಗೆ ಸಾಲಾಗಿ ನೇತುಹಾಕಿದ ಬಾಣಲೆ. ಇಬ್ಬರು ಶತ್ರುಗಳು ಹಿತ್ತಿಲ ಬಾಗಿಲಿಂದ ನುಗ್ಗುತ್ತಾರೆ. ಸದ್ದಾದರೆ ಅವರೂ ಮನೆಯೊಡನೆ ಹಾರಿಹೋಗುವವರೇ. ಆದ್ದರಿಂದ ಅವರದೂ ಗಪ್‌ಚುಪ್. ಹೀಗೆ ನಾಲ್ಕು ಜನ ಪ್ರಾಣ ಹೋಗುವಂತೆ ಬಡಿದಾಡುತ್ತ, ಬೀಳುವ ಒಂದೊಂದು ಪಾತ್ರೆಯನ್ನೂ ನೆಲ ಮುಟ್ಟುವ ಮೊದಲೇ ಹಿಡಿಯಬೇಕು. ಶತ್ರುವಿನ ಕುತ್ತಿಗೆ ಹಿಸುಕುತ್ತಲೇ ಹೀರೋ ಒಂದು ಲೋಟ ಹಿಡಿದ. ಒದೆ ತಿಂದು ಬೀಳುತ್ತಿದ್ದ ಶತ್ರು ಭರಣಿಯೊಂದನ್ನು ಮಗುವಿನಂತೆ ಎದೆಗವಚಿಕೊಂಡು ಬಿದ್ದ. ಉರುಳುತ್ತಿದ್ದ ಮುಚ್ಚಳವನ್ನು ಬಾಸಮ್ಮ ಹೆಬ್ಬೆರಳಿನಿಂದ ಅದುಮಿ ನಿಲ್ಲಿಸಿದಳು. ಕ್ಯಾಮೆರಾದ ಹಿಂದಿನವರೂ ಉಸಿರು ಹಿಡಿದಿದ್ದರು. ದಿನವಿಡೀ ಕೂಗಾಡುವ ಸೆಟ್ಟಿನಲ್ಲಿ ಆ ದಿನ ನೀರು ಬೇಕೆಂದವನೂ ಕೈಯನ್ನೇ ಎತ್ತಿದ.

ಸಂಜೆಗೆ ಒಂದೇ ಶಾಟ್ ಉಳಿದಿತ್ತು. ಬಾಸಮ್ಮನೂ ಹೀರೋನೂ ಎದುರುಬದುರು ನಿಲ್ಲಬೇಕು, ಅಷ್ಟೇ. ಆಗ ಅವನ ಹಿಂದಿನ ಕಪಾಟು ವಾಲಿತು. ಅದು ಕಥೆಯಲ್ಲಿರಲಿಲ್ಲ. ಮೇಲಿನ ಹಲಗೆಯ ದೊಡ್ಡ ಕಬ್ಬಿಣದ ಬಾಣಲೆ ಜಾರುತ್ತಿರುವುದು ಬಾಸಮ್ಮನೊಬ್ಬಳಿಗೇ ಕಂಡಿತು. ಕಿರುಚಲು ಅವಳ ಬಾಯಿ ತಾನಾಗಿ ತೆರೆಯಿತು.

ಹೀರೋ ತಿರುಗಿ ನೋಡಲಿಲ್ಲ. ಅವನಿಗೆ ಕಂಡದ್ದು ಅವಳ ತೆರೆದ ಬಾಯಿ. ಒಂದೇ ಹೆಜ್ಜೆಗೆ ಮುಂದೆ ಬಂದು ಅಂಗೈಯಿಂದ ಅದನ್ನು ಗಟ್ಟಿಯಾಗಿ ಮುಚ್ಚಿದ. ಬಾಣಲೆ ಅವನ ಹೆಗಲಿಗೆ ಅಪ್ಪಳಿಸಿತು. ಅವನ ಕಣ್ಣಿಂದ ನೀರು ಬಳಬಳ ಇಳಿಯಿತು. ಕೈ ಮಾತ್ರ ಅಲ್ಲಾಡಲಿಲ್ಲ. ಅವಳ ಹುಟ್ಟಲಿದ್ದ ಕೂಗು ಬಿಸಿ ಉಸಿರಾಗಿ ಅವನ ಅಂಗೈಗೆ ತಾಕಿ ಅಲ್ಲೇ ಸತ್ತಿತು.

ಡೈರೆಕ್ಟರು "ಓಕೆ" ಎಂದಾಗ ಎಲ್ಲರೂ ಓಡಿ ಬಂದರು. ಮೂಳೆ ಮುರಿದಿರಲಿಲ್ಲ, ಹೆಗಲು ನೀಲಿಗಟ್ಟಿತ್ತು. "ಈಗ ಮಾತಾಡ್ಬಹುದಾ?" ಎಂದು ಕೇಳಿ, ಹೌದೆಂದ ಮೇಲೆಯೇ ಅವನು "ಅಯ್ಯಯ್ಯಮ್ಮಾ!" ಎಂದು ಕಿರುಚಿದ್ದು. ಹೊರಗೆ ಕಾವಲುಗಾರ ಬೆಚ್ಚಿಬಿದ್ದ.

ಕಂತು ಪ್ರಸಾರವಾದ ದಿನ ಅತ್ತೆ ಟೀವಿಗೆ ಮೂಗು ತಾಕುವಷ್ಟು ಹತ್ತಿರ ಕೂತರು. ಬೇರೆ ದಿನ "ಏನಂದ? ಏನಂದ?" ಎಂದು ಸೊಸೆಯ ಪ್ರಾಣ ತಿನ್ನುವವರು ಇವತ್ತು ಏನನ್ನೂ ಕೇಳಲಿಲ್ಲ. ಅರ್ಧದಲ್ಲಿ ಮನೆ ಓನರು ಬಾಗಿಲು ತಟ್ಟಿದ. "ಟೀವಿ ಕೆಟ್ಟಿದೆಯಾ? ಆ ಕಡೆ ಏನೂ ಕೇಳಿಸ್ತಾನೇ ಇಲ್ಲ!"

"ಕೂತ್ಕೊಳಪ್ಪ, ನಿನ್ನ ಕಿವಿಗೂ ಒಂದು ದಿನ ರಜ," ಎಂದರು ಅತ್ತೆ, ಸೊಸೆಯ ಕೈಸನ್ನೆ ನೋಡಿ. ಸನ್ನೆ ತಿಳಿಯದೆ ಅವನು ಪೆಚ್ಚು ಮೋರೆ ಹಾಕಿ ಕೂತಿದ್ದರೆ ಅತ್ತೆಯೇ ಬಿಡಿಸಿ ಹೇಳಿದರು: "ಹೂಂ, ಈಗ ಇವಳು ಹೇಳ್ತಿರೋದು, ಅವನನ್ನ ನಂಬಬೇಡ ಅಂತ. ಇದು ನಮ್ಮನೆ ಮಾತು ಕಣಪ್ಪ, ನಿನಗೆ ತಿಳಿಯಲ್ಲ."

ಕೊನೆಯಲ್ಲಿ ಬಾಸಮ್ಮನ ತಂಡ ಹಿತ್ತಿಲಿಂದ ನುಸುಳಿ ಹೋಗುತ್ತದೆ. ಶತ್ರುಗಳ ಕಣ್ಣಿಗೆ ಮಣ್ಣೆರಚಲು ಒಂದು ಖಾಲಿ ಕಾರು ಇಳಿಜಾರಿನಲ್ಲಿ ಉರುಳುತ್ತದೆ. ಬಾಡಿಗೆಗೆ ತಂದದ್ದು ಹೇಗೂ ಇತ್ತಲ್ಲ. ಢಮ್. ಆ ಧಾರಾವಾಹಿಯಲ್ಲಿ ಸಾವಿನ ಸೀನು ಬಂದೂ ಯಾರ ಕೆಲಸವೂ ಹೋಗದಿದ್ದುದು ಅದೇ ಮೊದಲು.

ಜನ ಆ ಕಂತನ್ನು ಮತ್ತೆ ಹಾಕಿ ಎಂದು ಚಾನೆಲ್ಲಿಗೆ ದುಂಬಾಲು ಬಿದ್ದರು. ಕತ್ತರಿ ಮತ್ತೆ ಬಾಸಮ್ಮನನ್ನು ಸಾಯಿಸುವ ಮಾತೆತ್ತಲಿಲ್ಲ, ಮುಂದಿನ ಕಂತುಗಳಲ್ಲೂ ಅವಳು ಸನ್ನೆಯಲ್ಲೇ ಆಜ್ಞೆ ಕೊಟ್ಟಳು. ವಾರಗಳು ಕಳೆದು ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಇನ್ನು ಮಾತಾಡಿ, ಮೆಲ್ಲಗೆ," ಎಂದರು. ಬಾಸಮ್ಮ ಅವರೆದುರು ತಲೆಯಾಡಿಸಿದಳಷ್ಟೇ. ಇಷ್ಟು ದಿನ ಇಷ್ಟು ಜನ ಸೇರಿ ಕಾಪಾಡಿಕೊಟ್ಟ ದನಿಯ ಮೊದಲ ತುತ್ತು ಯಾರಿಗೆ ಸಲ್ಲಬೇಕೆಂದು ಅವಳಿಗೆ ಗೊತ್ತಿತ್ತು.

ಸೆಟ್ಟಿನಲ್ಲಿ ಊಟದ ಹೊತ್ತು. ಬಡಿಸುವವನ ಕೈಯಿಂದ ಸೌಟು ಇಸಿದುಕೊಂಡು ಅವಳೇ ಪಾತ್ರೆಯ ಹಿಂದೆ ನಿಂತಳು. ಲೈಟಿನವರು, ಮೈಕಿನವನು, ಇಸ್ತ್ರಿಯವಳು, ಮಾಸ್ಟರ್, ಒಬ್ಬೊಬ್ಬರ ತಟ್ಟೆಗೂ ಬಡಿಸಿ, ಅವರು ಹೊರಡುವಷ್ಟರಲ್ಲಿ ಇನ್ನೊಂದು ಸೌಟು ಹಾಕಿದಳು. ಮಸಿ ಮಾತ್ರ ತಟ್ಟೆಯನ್ನೂ ಅವಳ ಮುಖವನ್ನೂ ನೋಡಿ, ಅತ್ತೆಯ ಮಾತು ನೆನಪಾಗಿ ಸರಕ್ಕನೆ ಪಕ್ಕಕ್ಕೆ ತಿರುಗಿದಳು.

ಹೀರೋ ಹೆಗಲು ಉಜ್ಜಿಕೊಳ್ಳುತ್ತ ಬಂದ. ನೋವು ಎಂದೋ ಹೋಗಿದ್ದರೂ ಉಜ್ಜುವುದನ್ನು ಬಿಟ್ಟಿರಲಿಲ್ಲ. ಅವನ ತಟ್ಟೆ ತುಂಬಿತು. ಬಾಸಮ್ಮ ಸೌಟನ್ನು ಮತ್ತೆ ಎತ್ತಿದಳು.

"ಇನ್ನೊಂಚೂರು ಹಾಕ್ಲೇನೋ?"

ದನಿ ಒಡೆದಿತ್ತು, ಕೀಲಿಗೆ ಎಣ್ಣೆ ಬಿಡದ ಬಾಗಿಲಿನಂತೆ. ಆದರೂ ಅದು ಅವಳದೇ. ಸಾಲಿನಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು.

"ಹಾಕಕ್ಕ," ಎಂದ ಹೀರೋ. ಅವನ ದನಿಯೂ ಒಡೆದಿತ್ತು. ಸಾಲಿನ ಕೊನೆಯಲ್ಲಿದ್ದ ಕತ್ತರಿಗೂ ಕೇಳಿಸುವಂತೆ ಸೇರಿಸಿದ: "ಇನ್ಮೇಲೆ ಕಾಯಿಲೆ ಬಿದ್ದೋರನ್ನ ಇಲ್ಲಿ ಯಾರೂ ಕೊಲ್ಲಂಗಿಲ್ಲ. ಆ ಡ್ರೈವರೂ ಮುಂದಿನ ವಾರ ವಾಪಸ್ ಬರ್ಬೇಕು. ಸತ್ತಿದ್ದು ಅವನಲ್ಲ, ಅವನ ಅವಳಿ ತಮ್ಮ. ಮಸಿ ಬರೀತಾಳೆ."

"ಬರ್ದಾಯ್ತು," ಎಂದಳು ಮಸಿ.

ಕತ್ತರಿ ಸುತ್ತಲಿನ ತಟ್ಟೆಗಳನ್ನೆಲ್ಲ ಒಮ್ಮೆ ನೋಡಿ, ತನ್ನದನ್ನು ಮುಂದೆ ಚಾಚಿದ. ಬಾಸಮ್ಮ ಅವನಿಗೂ ಬಡಿಸಿದಳು. ಅವನು ಕಾದು ನಿಂತ.

"ಮೇಡಂ, ಎಲ್ರಿಗೂ ಎರಡು ಸೌಟು..."

"ನಿಮ್ಮ ಪಾಲಿನ ಇನ್ನೊಂದನ್ನ ಆ ಡ್ರೈವರ್‌ಗೆ ಎತ್ತಿಟ್ಟಿದೀನಿ," ಎಂದಳು ಬಾಸಮ್ಮ. "ಅವನು ಬರ್ಲಿ, ಕೊಡ್ತೀನಿ."